ಕಸ ಇನ್ನೂ ಬಿದ್ದಿಲ್ಲ

ಕೊಟ್ಟಿಗೆಗೊಂದು ಮಾತು, ಹೆರಿಗೆ ಕೋಣೆಗೊಂದು ಮಾತು ಎಂದು ನಾಲಿಗೆಯನ್ನು ಎರಡು ಹೋಳು ಮಾಡಿಕೊಳ್ಳುವುದು ಆಯಮ್ಮನಿಗೆ ಹದಿನಾಲ್ಕು ವರ್ಷವಾದರೂ ಬಂದಿರಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಅವಳು ಆಯಾ. ಮನೆಯ ಹಿಂದೆ ಮೂರು ಹಸು. ಬೆಳಿಗ್ಗೆ ಹಸುವಿನ ಬೆನ್ನು ಸವರಿದ ಕೈ ಹಗಲೆಲ್ಲ ಬಸುರಿಯರ ಬೆನ್ನು ಸವರಬೇಕು. ನೋವು ತಿನ್ನುವ ಹೆಣ್ಣುಮಗಳ ಸೊಂಟಕ್ಕೆ ಅಂಗೈ ಒತ್ತಿ "ಹೋ, ಹೋ, ನಿಧಾನ ನನ್ನವ್ವ" ಅನ್ನುತ್ತಿದ್ದಳು. ಸಂಜೆ ಮನೆಗೆ ಬಂದರೆ ಗಬ್ಬದ ಹಸುವಿಗೆ "ಉಸಿರು ಎಳ್ಕೊಳ್ಳಮ್ಮ, ಮುಕ್ಕಬೇಡ ಈಗಲೇ" ಎಂದು ಉಪದೇಶ. ಹಸುವೂ ಕೇಳುತ್ತಿತ್ತು, ಬಸುರಿಯರೂ ಕೇಳುತ್ತಿದ್ದರು. ಕೆಲವರಂತೂ ಹಿಡಿದ ಅವಳ ಕೈಯನ್ನು ಕೂಸು ಅಳುವವರೆಗೆ ಬಿಡುತ್ತಿರಲಿಲ್ಲ.

ನರ್ಸುಗಳು ಅವಳಿಗೆ ಕೊಟ್ಟಿಗೆಯಮ್ಮ ಎಂದು ಹೆಸರಿಟ್ಟಿದ್ದರು. ಚುಚ್ಚಲೆಂದೇ ಇಟ್ಟ ಹೆಸರು. ಅವಳು ಅದನ್ನು ಬಹುಮಾನದಂತೆ ಇಸಿದುಕೊಂಡಿದ್ದಳು. ಕೊಟ್ಟಿಗೆ ಇದ್ದವರಿಗೆ ತಾನೆ ಆ ಹೆಸರು ಸಿಗೋದು, ಬಾಡಿಗೆ ಕೋಣೆಯಲ್ಲಿ ಇರೋರಿಗೆ ಎಲ್ಲಿಂದ ಬರಬೇಕು ಎಂದು ಅವರ ಬಾಯಿಗೇ ಬೀಗ ಜಡಿದಿದ್ದಳು.

ಎರಡು ಕೆಲಸ ಮಾಡುವವರನ್ನು ಕಂಡರೆ ಜನಕ್ಕೆ ಒಂದು ತೆರನ ಹೊಟ್ಟೆಯುರಿ. ಅವಳ ದಿನ ಹೇಗೆ ಸಾಗುತ್ತಿತ್ತು ಎಂದು ನೋಡಿದವರು ಮಾತ್ರ ಉರಿದುಕೊಳ್ಳುತ್ತಿರಲಿಲ್ಲ. ಕೋಳಿ ಕೂಗುವ ಮುಂಚೆ ಎದ್ದು ಸಗಣಿ ಬಾಚಿ, ಕೆಚ್ಚಲು ತೊಳೆದು, ಮೂರು ಹಸುವಿನ ಹಾಲು ಕರೆಯಬೇಕು. ಶಾಲೆಯ ವ್ಯಾನು ಓಡಿಸುವ ಗಂಡ ಹುಲ್ಲು ಕತ್ತರಿಸಿ ಕೊಟ್ಟು ಏಳಕ್ಕೆ ಹೊರಡುತ್ತಿದ್ದ. ಕಾಲೇಜಿಗೆ ಹೋಗುವ ಮಗಳು ಸೈಕಲ್ಲಿನ ಎರಡೂ ಕಡೆ ಕ್ಯಾನು ತೂಗಿಸಿಕೊಂಡು ಹಾಲು ಹಾಕಿ ಬರುತ್ತಿದ್ದಳು. ಮಧ್ಯಾಹ್ನದ ನೀರು, ಹಿಂಡಿ, ನೆರಳು ಬಿಸಿಲಿನ ಕಟ್ಟು ಬಿಚ್ಚು ಅತ್ತೆಯದು. ಆಯಮ್ಮನಿಗೆ ಒಂದು ವಾರ ಎಂಟು ಗಂಟೆಗೆ ಬೆಳಗಿನ ಪಾಳಿಯಾದರೆ ಇನ್ನೊಂದು ವಾರ ಮಧ್ಯಾಹ್ನದ್ದು.

ಮಧ್ಯಾಹ್ನದ ಪಾಳಿ ಬಿದ್ದಾಗ ಸಂಜೆಯ ಹಾಲು ಗಂಡನ ಪಾಲಿಗೆ. ಮೂರರಲ್ಲಿ ಒಂದಕ್ಕೆ ಜಗಳಗಂಟಿ ಎಂದೇ ಹೆಸರು. ಗಂಡಸಿನ ಕೈ ತಾಗಿದರೆ ಒದೆ, ಅದೂ ಗುರಿಯಿಟ್ಟು. ಪಾಪ ಆ ಮನುಷ್ಯ ಹೆಂಡತಿಯ ಹಳೆಯ ಶಾಲು ತಲೆತುಂಬ ಹೊದ್ದು, ಅವಳ ದನಿ ಎತ್ತಿ "ಬಾರಮ್ಮ, ಬಾರಮ್ಮ" ಅನ್ನುತ್ತ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಜಗಳಗಂಟಿ ನಂಬುತ್ತಿತ್ತು. ಬೇಲಿಯಾಚೆಯವರು ಮಾತ್ರ ನಂಬದೆ, ಯಜಮಾನರೇ ಬಳೆಯೊಂದು ಕಮ್ಮಿ ಆಯ್ತು ಎಂದು ಛೇಡಿಸುತ್ತಿದ್ದರು.

ಇನ್ನು ಮಡಿಯ ವಿಷಯ. ಕೊಟ್ಟಿಗೆಯ ಬಟ್ಟೆ ಕೊಟ್ಟಿಗೆಯ ಗೂಟಕ್ಕೆ, ಆಸ್ಪತ್ರೆಯ ಬಟ್ಟೆ ಒಳಮನೆಯ ಪೆಟ್ಟಿಗೆಗೆ. ಚಪ್ಪಲಿ ಬೇರೆ, ಸೋಪು ಬೇರೆ. ಉಗುರನ್ನು ಮಾಂಸ ಕಾಣುವಷ್ಟು ಕತ್ತರಿಸುತ್ತಿದ್ದಳು. ಹೆರಿಗೆ ಕೋಣೆಗೆ ಕಾಲಿಡುವ ಮುಂಚೆ ಮೊಣಕೈವರೆಗೆ ಮೂರು ಸಲ ಉಜ್ಜಿ ತೊಳೆಯುವುದನ್ನು ನೋಡಿ, ಹೊಸದಾಗಿ ಬಂದ ಡಾಕ್ಟರುಗಳೇ ನಾಚಿಕೊಂಡು ಇನ್ನೊಂದು ಸಲ ನಲ್ಲಿ ತಿರುಗಿಸಿದ್ದುಂಟು. ಇದೆಲ್ಲ ಯಾಕೆ ಹೇಳಬೇಕಾಯಿತು ಎಂದರೆ, ಅವಳ ಮೇಲೆ ಬಂದ ಅಪವಾದ ಅಂಥದ್ದು.

ಆವತ್ತು ಬೆಳಿಗ್ಗೆ ಹನ್ನೊಂದರ ಹೊತ್ತು. ಬಟ್ಟೆ ಅಂಗಡಿಯವರ ಸೊಸೆಗೆ ಚೊಚ್ಚಲ ಹೆರಿಗೆ. ಕೂಸು ಚೆನ್ನಾಗಿ ಬಂತು, ಅತ್ತಿತು, ತೂಕಕ್ಕೂ ಇಟ್ಟಾಯಿತು. ಡಾಕ್ಟರಮ್ಮನನ್ನು ಅಷ್ಟರಲ್ಲೇ ಇನ್ನೊಂದು ಆಪರೇಷನ್ನಿಗೆ ಕರೆದರು. ಒಳಗೆ ಉಳಿದವರು ಹೊಸ ನರ್ಸು ಮತ್ತು ಆಯಮ್ಮ. ಗೋಡೆಯ ಗಡಿಯಾರದಲ್ಲಿ ಇಪ್ಪತ್ತೈದು ನಿಮಿಷ ದಾಟಿತು, ಕೂಸಿನ ಹಿಂದೆಯೇ ಬರಬೇಕಾದ ಮಾಸು ಬೀಳಲಿಲ್ಲ. ಹೊಕ್ಕುಳಬಳ್ಳಿ ಒಂದು ಬೆರಳಿನಷ್ಟೂ ಕೆಳಗೆ ಜಾರಿರಲಿಲ್ಲ. ಕೆಳಗಿನ ಬಟ್ಟೆ ಮಾತ್ರ ಕೆಂಪಗೆ ಹರಡುತ್ತಿತ್ತು. ನರ್ಸು ಇನ್ನೂ ಸ್ವಲ್ಪ ನೋಡೋಣ ಅಂದಳು. ಆಯಮ್ಮ ನೋಡುವುದಕ್ಕೆ ನಿಲ್ಲಲಿಲ್ಲ. ಹಸುವಾದರೆ ಸಂಜೆವರೆಗೆ ಕಾಯಬಹುದು, ಮನುಷ್ಯರಿಗೆ ಆ ಬಿಡುವಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಬಾಗಿಲು ತಳ್ಳಿಕೊಂಡು ಹೊರಗೆ ಓಡಿದರೆ ಎದುರಿಗೇ ಅಂಗಡಿಯಮ್ಮ, ಆ ಸೊಸೆಯ ಅತ್ತೆ. ಏನಾಯ್ತು ಎಂದು ತೋಳು ಹಿಡಿದಳು. ಆಯಮ್ಮ ತೋಳು ಬಿಡಿಸಿಕೊಳ್ಳುತ್ತ ಹೇಳಿದಳು: "ಹೆಣ್ಣು. ಕಸ ಇನ್ನೂ ಬಿದ್ದಿಲ್ಲ, ದಾರಿ ಬಿಡಿ."

ದನ ಕಟ್ಟಿದ ಮನೆಗಳಲ್ಲಿ ಮಾಸಿಗೆ ಕಸ ಅನ್ನುತ್ತಾರೆ. ಹಸು ಕರು ಹಾಕಿದರೆ ಮೊದಲು ಕೇಳುವುದೇ ಕಸ ಬಿತ್ತಾ ಎಂದು. ಅಂಗಡಿಯಮ್ಮನಿಗೆ ಇದು ತಿಳಿದಿರಲಿಲ್ಲ, ತಿಳಿಯದ್ದು ತಪ್ಪೂ ಅಲ್ಲ. ಆದರೆ ಹೆಣ್ಣು ಎಂದ ಕ್ಷಣವೇ ಅವಳ ಮುಖ ಹುಣಸೆಹಣ್ಣು ಕಚ್ಚಿದ ಹಾಗೆ ಮುದುಡಿದ್ದನ್ನು ಆಯಮ್ಮ ಓಡುವ ಅವಸರದಲ್ಲೂ ಕಂಡಿದ್ದಳು.

ಡಾಕ್ಟರಮ್ಮ ಬಂದರು, ಕೈ ಹಾಕಿ ಮಾಸು ತೆಗೆದರು, ಎರಡು ಬಾಟಲಿ ರಕ್ತ ಕೊಟ್ಟರು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದು ಅವರೇ ನರ್ಸಿನ ಮುಂದೆ ಅಂದರು. ಬಾಣಂತಿ ಉಳಿದಳು. ಆಯಮ್ಮ ನೆಲ ಒರೆಸಿ, ಬಟ್ಟೆ ಬದಲಿಸಿ, ಪಾಳಿ ಮುಗಿಸಿ ಮನೆಗೆ ಹೋಗಿ ಹಾಲು ಕರೆದಳು.

ಮೂರನೆಯ ದಿನ ದೊಡ್ಡ ಡಾಕ್ಟರ ಕೋಣೆಯಿಂದ ಕರೆ ಬಂತು. ಅವಳು ಹೋದಳು, ಒಳಗೊಳಗೇ ಸ್ವಲ್ಪ ಹಿಗ್ಗುತ್ತಲೇ. ದಿನಗೂಲಿಯ ಹದಿನಾಲ್ಕು ವರ್ಷ ಮುಗಿದು ಅವಳನ್ನು ಖಾಯಂ ಮಾಡುವ ಕಾಗದ ಆ ತಿಂಗಳೇ ಆ ಮೇಜಿಗೆ ಬಂದಿತ್ತು. ಸಹಿಗೆ ಕರೆದಿರಬೇಕು ಅಂದುಕೊಂಡಳು. ಮೇಜಿನ ಮೇಲೆ ಆ ಕಾಗದ ಇತ್ತು, ನಿಜ. ಅದರ ಮೇಲೆ ಇನ್ನೊಂದು ಕುಳಿತಿತ್ತು. ಅಂಗಡಿಯಮ್ಮನ ದೂರು. ಆಯಾ ನಮ್ಮ ಮನೆಯ ಮೊದಲ ಕೂಸನ್ನು ಹುಟ್ಟಿದ ಗಳಿಗೆಯಲ್ಲೇ ಕಸ ಎಂದಳು. ಆಕೆ ಮನೆಯಲ್ಲಿ ದನ ಸಾಕುತ್ತಾಳೆ. ಸಗಣಿ ಬಾಚಿದ ಕೈಯಲ್ಲಿ ಹೆರಿಗೆ ಮುಟ್ಟುತ್ತಾಳೆ, ನಮ್ಮ ಸೊಸೆಗೆ ರಕ್ತ ಹೋದದ್ದು ಅದರಿಂದಲೇ.

ದೊಡ್ಡ ಡಾಕ್ಟರು ಬಂದು ಆರು ತಿಂಗಳಾಗಿತ್ತು. ಸೌಮ್ಯ ಮನುಷ್ಯ; ಗದರಿಸುವುದು ಗೊತ್ತಿಲ್ಲ, ವಿಚಾರಿಸುವುದೂ ಗೊತ್ತಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಆಯಮ್ಮ ಬಾಯಿ ತೆರೆಯುವ ಮುಂಚೆಯೇ ಟೈಪು ಮಾಡಿದ ಒಂದು ಹಾಳೆ ಮುಂದೆ ತಳ್ಳಿದರು. ಇದಕ್ಕೆ ಸಹಿ ಹಾಕಿದರೆ ದೂರು ಇಲ್ಲಿಗೇ ಮುಗಿಯುತ್ತದೆ, ಖಾಯಂ ಕಾಗದಕ್ಕೂ ನಾನು ಸಹಿ ಹಾಕುತ್ತೇನೆ. ಸೋಮವಾರದೊಳಗೆ ಯೋಚಿಸಿ ಬಾ ಎಂದರು. ಕಸ ಅಂದರೆ ಏನು ಎಂದು ಅವಳು ಬಿಡಿಸಿ ಹೇಳಿದಳು. ಅವರು ತಲೆಯಾಡಿಸಿದರು, ಗಡಿಯಾರ ನೋಡಿದರು.

ಮನೆಯಲ್ಲಿ ಮಗಳು ಆ ಹಾಳೆಯನ್ನು ಗಟ್ಟಿಯಾಗಿ ಓದಿದಳು. ಎರಡು ಅಂಶ. ಕೂಸನ್ನು ಅವಮಾನಕರ ಮಾತಿನಿಂದ ಕರೆದದ್ದಕ್ಕೆ ಕ್ಷಮೆ ಕೇಳುತ್ತೇನೆ. ಒಂದು ತಿಂಗಳೊಳಗೆ ಮನೆಯಲ್ಲಿರುವ ದನಗಳನ್ನು ವಿಲೇವಾರಿ ಮಾಡುತ್ತೇನೆ.

"ವಿಲೇವಾರಿ ಅಂದ್ರೆ?" ಎಂದಳು ಅತ್ತೆ.

"ಆಸ್ಪತ್ರೆಯಲ್ಲಿ ಹಳೇ ಹತ್ತಿಗೆ, ಸೂಜಿಗೆ ಹಾಗಂತಾರೆ ಅಜ್ಜಿ."

ಗಂಡ ಸಹಿ ಹಾಕುವುದೇ ಒಳ್ಳೆಯದು ಎಂದ. ಅವನು ಹೆದರುವವನಲ್ಲ, ಆದರೆ ಖಾಯಂ ಎನ್ನುವುದು ಮತ್ತೆ ಮತ್ತೆ ಬಾಗಿಲು ತಟ್ಟುವ ವಸ್ತುವಲ್ಲ, ಹಸು ಇವತ್ತು ಹೋದರೆ ನಾಳೆ ಇನ್ನೊಂದು ಕಟ್ಟಬಹುದು ಎಂದು ಅವನ ವಾದ. ಅತ್ತೆಯದು ಅದಕ್ಕೆ ತಿರುಗಾಮುರುಗಾ: ಆಸ್ಪತ್ರೆಯವರು ನಿನಗೆ ಅನ್ನ ಹಾಕುವ ಮುಂಚಿನಿಂದ ಈ ಕೊಟ್ಟಿಗೆ ಹಾಕಿದೆ, ಕೆಲಸವನ್ನೇ ಎಸೆದು ಬಾ. ಎತ್ತು ಏರಿಗೆ, ಕೋಣ ನೀರಿಗೆ. ಎರಡೂ ಕಡೆಯ ಹಗ್ಗ ಆಯಮ್ಮನ ಕುತ್ತಿಗೆಗೆ.

ದನದ ವಿಷಯಕ್ಕಿಂತ ಮೊದಲ ಸಾಲೇ ಅವಳ ಎದೆಯಲ್ಲಿ ಕೆಂಡವಾಗಿತ್ತು. ಸಾವಿರಗಟ್ಟಲೆ ಕೂಸುಗಳನ್ನು ಈ ಕೈಯಲ್ಲಿ ಒರೆಸಿ ಸುತ್ತಿದವಳು ನಾನು. ಹೆಣ್ಣಾಯ್ತು ಅಂದಾಗ ಮುಖ ತಿರುಗಿಸಿದ ಅಪ್ಪಂದಿರ ಕೈಗೆ ಒತ್ತಾಯದಿಂದ ಕೂಸು ಇಟ್ಟು ನಿಂತವಳು ನಾನು. ಸಹಿ ಹಾಕಿದರೆ ಆ ಕೂಸನ್ನು ಕಸ ಅಂದದ್ದು ನಾನೇ ಎಂದು ಕಾಗದ ಹೇಳುತ್ತದೆ. ನಾನು ಸತ್ತ ಮೇಲೂ ಹೇಳುತ್ತದೆ.

ಭಾನುವಾರವೆಲ್ಲ ಅವಳ ಸಿಟ್ಟಿಗೆ ಪಾತ್ರೆಗಳು ಸಿಕ್ಕಿಕೊಂಡವು. ಹಾಲಿನ ಕ್ಯಾನಿನ ಮುಚ್ಚಳ ಸೊಟ್ಟಗಾಯಿತು. ಜಗಳಗಂಟಿ ಅವಳ ಕೈಯ ಬಿರುಸು ಕಂಡು ಹಾಲು ಇಳಿಸದೆ ಕಟ್ಟಿಬಿಟ್ಟಿತು. ಹಣೆಯನ್ನು ಅದರ ಪಕ್ಕೆಗೆ ಆನಿಸಿ ಉಸಿರು ತಹಬಂದಿಗೆ ಬರುವವರೆಗೆ ಕೂರಬೇಕಾಯಿತು. ಎದ್ದು ಬಂದವಳೇ ಮಗಳ ನೋಟುಬುಕ್ಕಿನಿಂದ ಹಾಳೆ ಹರಿದುಕೊಂಡಳು. ಮಗಳು ಬರೆದುಕೊಡುತ್ತೇನೆ ಅಂದರೂ ಬಿಡಲಿಲ್ಲ. ಒತ್ತಕ್ಷರಗಳೊಂದಿಗೆ ಗುದ್ದಾಡುತ್ತ ತಾನೇ ಬರೆದಳು.

ಸೋಮವಾರ ಕೋಣೆಯಲ್ಲಿ ದೊಡ್ಡ ಡಾಕ್ಟರ ಜೊತೆ ದೊಡ್ಡ ಸಿಸ್ಟರ್ ಇದ್ದರು, ಅಂಗಡಿಯಮ್ಮನೂ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಆಯಮ್ಮ ತನ್ನ ಹಾಳೆಯನ್ನು ಮೇಜಿನ ಮೇಲಿಟ್ಟಳು. ಡಾಕ್ಟರು ಓದಿದರು: ವಾರ್ಡಿನಲ್ಲಿ ಮಾಸಿಗೆ ಕಸ ಅಂದದ್ದು ನನ್ನ ತಪ್ಪು, ಇನ್ನು ಮುಂದೆ ಮಾಸು ಅನ್ನುತ್ತೇನೆ. ಕೂಸಿಗೆ ಕಸ ಅಂದಿಲ್ಲ, ಅದಕ್ಕೆ ಕ್ಷಮೆ ಕೇಳುವುದಿಲ್ಲ. ಹಸು ಮನೆಯಲ್ಲಿ ಇವೆ, ಇರುತ್ತವೆ.

"ನಾನು ಕೇಳಿದ್ದು ಇದಲ್ಲಮ್ಮ," ಎಂದರು ಅವರು.

"ನಿಜ ಬೇಕಾದ್ರೆ ಇದೇ ಇರೋದು ಸಾರ್. ಬೇರೆ ಬೇಕಾದ್ರೆ ನೀವೇ ಟೈಪ್ ಮಾಡಿಸಿಟ್ಟಿದ್ದೀರಲ್ಲ."

ದೊಡ್ಡ ಸಿಸ್ಟರ್ ಕೆಮ್ಮಿದರು. ಅಂಗಡಿಯಮ್ಮ ಮಧ್ಯೆ ಬಾಯಿ ಹಾಕಿ, ನನ್ನ ಎರಡು ಕಿವಿಯಿಂದ ಕೇಳಿದೆ, ಹೆಣ್ಣು, ಕಸ ಎಂದು ಒಂದೇ ಉಸಿರಿನಲ್ಲಿ ಹೇಳಿದಳು ಎಂದಳು.

ಆಯಮ್ಮ ಅವಳ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ, ಹಾಗಾಯ್ತು ತಾಯಿ ನಿಮ್ಮ ಕತೆ. ನಾನು ಕಸ ಅಂದಾಗ ನಿಮಗೆ ಕೂಸೇ ಯಾಕೆ ನೆನಪಾಯ್ತು? ಮುಖ ಸಿಂಡರಿಸಿದ್ದು ನೀವು. ಆ ಮಾತು ನಿಮ್ಮ ಮನಸ್ಸಲ್ಲಿತ್ತು, ನನ್ನ ಬಾಯಲ್ಲಿ ಇರಲಿಲ್ಲ."

ಅಂಗಡಿಯಮ್ಮ ಕೈಚೀಲದ ಜಿಪ್ಪು ತೆರೆದಳು, ಮುಚ್ಚಿದಳು.

ಡಾಕ್ಟರು ಬಾಣಂತಿಯ ಕಡತ ತರಿಸಿದರು. ಮಾಸು ಉಳಿದದ್ದು, ಕೈಯಿಂದ ತೆಗೆದದ್ದು, ರಕ್ತ ಕೊಟ್ಟದ್ದು, ಎಲ್ಲಕ್ಕೂ ಗಂಟೆ ನಿಮಿಷ ನಮೂದಾಗಿತ್ತು. ಮೊದಲು ಕಂಡವರು ಯಾರು, ಓಡಿ ಕರೆದವರು ಯಾರು ಎಂದು ಬರೆಯಲು ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಡಾಕ್ಟರಮ್ಮ ರಜೆಯ ಮೇಲೆ ಹೋಗಿದ್ದರು. ಹೊಸ ನರ್ಸನ್ನು ಕರೆಸಿ ಕೇಳಿದರೆ, ತನ್ನ ತಲೆಗೆ ಬರುತ್ತದೆಂದು ಹೆದರಿದ ಹುಡುಗಿ ನೆಲ ನೋಡುತ್ತ, ಇಬ್ಬರೂ ಒಟ್ಟಿಗೆ ಗಮನಿಸಿದೆವು ಎಂದಳು. ಆಯಮ್ಮ ಅವಳನ್ನೂ ಬೈಯಲಿಲ್ಲ. ಬೈಯಬೇಕಾದವರ ಪಟ್ಟಿ ಅಷ್ಟು ಉದ್ದವಾದಾಗ ಎಲ್ಲಿಂದ ಶುರುಮಾಡುವುದು?

ಹದಿನೈದು ದಿನದ ಮೇಲೆ ಖಾಯಂ ಕಾಗದ ಬಂತು. ಅದರ ಕೆಳಗೇ ಇನ್ನೊಂದು ಸಾಲು: ಹೆರಿಗೆ ವಾರ್ಡಿನಿಂದ ಬಟ್ಟೆ ಕೋಣೆಗೆ ವರ್ಗ. ಒಗೆದು ಬಂದ ಹಾಸು ಹೊದಿಕೆ ಮಡಿಸುವುದು, ಎಣಿಸುವುದು, ಹರಿದದ್ದನ್ನು ಬೇರೆ ಇಡುವುದು. ಅಂಗಡಿಯಮ್ಮನಿಗೂ ಸಮಾಧಾನ, ಆಸ್ಪತ್ರೆಗೂ ಸಮಾಧಾನ. ದೊಡ್ಡ ಸಿಸ್ಟರ್ ಅಂತೂ ಉಪಕಾರ ಮಾಡಿದವರ ಹಾಗೆ ಅವಳ ಭುಜ ತಟ್ಟಿ, ಪಾಳಿಯ ಕಾಟ ತಪ್ಪಿತು, ಎಂಟರಿಂದ ನಾಲ್ಕು, ನಿನ್ನ ಹಸುಗಳಿಗೂ ಎಷ್ಟು ಅನುಕೂಲ ಆಯ್ತು ನೋಡು ಎಂದರು.

ಮನೆಯಲ್ಲೂ ಅದೇ ರಾಗ. ಗಂಡ ಶಾಲು ಕಳಚಿ ಗೂಟಕ್ಕೆ ಹಾಕಿ, ಇನ್ನು ನನ್ನ ವೇಷ ಮುಗಿಯಿತು ಎಂದು ನಕ್ಕ. ಕೆಲಸವೂ ಉಳಿಯಿತು, ದನಗಳೂ ಉಳಿದವು, ಇನ್ನೇನು ಬೇಕು ಎಂದು ಅತ್ತೆ ಅಂದಾಗ ಆಯಮ್ಮ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು.

"ಅನುಕೂಲ ಆಗಿದ್ದು ನಿಮಗೆ, ದನಕ್ಕೆ, ಆಸ್ಪತ್ರೆಗೆ. ಹದಿನಾಲ್ಕು ವರ್ಷ ಎರಡೂ ಕಡೆ ಸರಿದೂಗಿಸಿದ್ದೀನಿ ಅತ್ತೆ, ಯಾರ ಹತ್ರನಾದ್ರೂ ಅನುಕೂಲ ಕೇಳಿದ್ನಾ? ತಪ್ಪು ಮಾಡದೆ ಇರೋಳನ್ನ ಹೊರಗೆ ಹಾಕಿ, ಅದಕ್ಕೆ ಉಪಕಾರ ಅಂತ ಹೆಸರಿಟ್ರು. ನಾನು ಬಟ್ಟೆ ಮಡಿಸೋಕೆ ಹೋದೋಳಲ್ಲ."

ಅತ್ತೆ ತಂಬಿಗೆಗೆ ನೀರು ತುಂಬಿಸಿ ತಂದು ಸೊಸೆಯ ಪಕ್ಕದಲ್ಲಿ ಕುಳಿತಳು.

ಬಟ್ಟೆ ಕೋಣೆ ಹೆರಿಗೆ ವಾರ್ಡಿನ ಕೆಳಗಿನ ಮಹಡಿಯಲ್ಲಿದೆ. ಬಿಸಿ ಇಸ್ತ್ರಿಯ ವಾಸನೆ, ಒಂದೇ ಕಿಟಕಿ. ಮೇಲೆ ಯಾರಿಗೋ ನೋವು ಹೆಚ್ಚಾದರೆ ಕೂಗು ಕೊಳವೆಯ ಸಂದಿನಿಂದ ಇಳಿದು ಬರುತ್ತದೆ. ಆಯಮ್ಮ ಮಡಿಸುವುದನ್ನು ನಿಲ್ಲಿಸಿ ಕಿವಿಗೊಡುತ್ತಾಳೆ. ಇದು ಎಷ್ಟನೆಯ ಗಂಟೆಯ ನೋವು, ಇನ್ನೆಷ್ಟು ಹೊತ್ತಿದೆ ಎಂದು ಕೂಗಿನಲ್ಲೇ ಅಳೆಯುತ್ತಾಳೆ. ಬೆನ್ನು ಸವರುವವರು ಯಾರಾದರೂ ಇದ್ದಾರೋ ಇಲ್ಲವೋ ಎಂಬುದು ಮಾತ್ರ ಕೂಗಿನಿಂದ ತಿಳಿಯುವುದಿಲ್ಲ.

ಪ್ರತಿ ತಿಂಗಳ ಮೊದಲ ಸೋಮವಾರ, ಡ್ಯೂಟಿ ಮುಗಿಸಿ, ತನ್ನ ಕೈಬರಹದ ಒಂದು ಅರ್ಜಿ ಹಿಡಿದು ಕಚೇರಿಯ ಮಹಡಿ ಹತ್ತುತ್ತಾಳೆ. ಅದರಲ್ಲಿ ಒಂದೇ ವಾಕ್ಯ: ನನ್ನ ತಪ್ಪು ಏನೆಂದು ಬರೆದು ತಿಳಿಸಿ, ಇಲ್ಲವಾದರೆ ನನ್ನನ್ನು ನನ್ನ ವಾರ್ಡಿಗೆ ಹಾಕಿ. ಉತ್ತರ ಒಂದಕ್ಕೂ ಬಂದಿಲ್ಲ. ಈ ತಿಂಗಳದ್ದು ಒಂಬತ್ತನೆಯದು. ಸ್ವೀಕರಿಸಿದೆ ಎಂದು ಮುದ್ರೆ ಒತ್ತುವ ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ.

"ಇನ್ನೂ ಎಷ್ಟು ತಿಂಗಳು ಆಯಮ್ಮ ಇದು?"

"ನಿಮ್ಮ ಮುದ್ರೆ ಸವೆಯೋವರೆಗೆ. ಒತ್ತಿ, ಅಕ್ಷರ ಸರಿಯಾಗಿ ಮೂಡಿಲ್ಲ."

ಅವನು ಇನ್ನೊಂದು ಸಲ ಒತ್ತಿದ. ಅವಳು ನಕಲು ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದಳು. ಹಾಲು ಕರೆಯುವ ಹೊತ್ತಾಗಿತ್ತು.