ಹೆಸರಿಲ್ಲದ ಚೀಟಿಗಳ ಮೇಷ್ಟ್ರು

ಮೊನ್ನೆ ಭಾನುವಾರ ಬಟ್ಟೆ ಒಣಹಾಕುವಾಗ ಒಂದು ಕ್ಲಿಪ್ಪು ಕೈಯಲ್ಲೇ ಮುರಿಯಿತು. ಬಿಸಿಲಿಗೆ ಬಣ್ಣ ಕಳೆದುಕೊಂಡ ನೀಲಿ ಪ್ಲಾಸ್ಟಿಕ್ ಕ್ಲಿಪ್ಪು. ಸ್ಪ್ರಿಂಗು ಹಾರಿ ಎಲ್ಲೋ ಹೋಯಿತು. ತುಂಡನ್ನು ಎಸೆಯದೆ ಸುಮಾರು ಹೊತ್ತು ಹಿಡಿದುಕೊಂಡೇ ನಿಂತೆ. ನನಗೆ ಬರೆಯಲು ಕಲಿಸಿದ ಮೇಷ್ಟ್ರು ಇಂಥ ಕ್ಲಿಪ್ಪುಗಳಲ್ಲೇ ಕಥೆಗಳನ್ನು ನೇತುಹಾಕುತ್ತಿದ್ದರು. ಅವರು ತೀರಿಕೊಂಡು ಒಂದೂವರೆ ತಿಂಗಳಾಯಿತು. ಸುದ್ದಿ ಬಂದ ದಿನ ನನಗೆ ಏನೂ ಅನ್ನಿಸಿರಲಿಲ್ಲ...

ಆರು ವರ್ಷದ ಹಿಂದಿನ ಮಾತು, ಐದೂ ಇರಬಹುದು. ಸಾಗರದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಮುಚ್ಚಿಹೋದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಹಡಿಯ ಮೇಲೆ, ಭಾನುವಾರ ಮಧ್ಯಾಹ್ನಗಳಲ್ಲಿ ಅವರು ವೆಬ್ ಸರಣಿ ಬರೆಯುವುದನ್ನು ಹೇಳಿಕೊಡುತ್ತಿದ್ದರು. ಬೆಂಗಳೂರಿನಲ್ಲಿ ಬಹಳ ವರ್ಷ ಧಾರಾವಾಹಿಗಳಿಗೆ ಸಂಭಾಷಣೆ ಬರೆದು ಊರಿಗೆ ಮರಳಿದವರು. ಮೊದಲ ವಾರ ಹತ್ತು ಹನ್ನೆರಡು ಜನ ಬಂದಿದ್ದರು. ತಿಂಗಳು ಕಳೆಯುವಷ್ಟರಲ್ಲಿ ಉಳಿದದ್ದು ಮೂವರು. ಇತಿಹಾಸದಲ್ಲಿ ಎಂ.ಎ. ಮಾಡಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದ ನಾನು. ತೀರ್ಥಹಳ್ಳಿಯಿಂದ ಬೈಕಿನಲ್ಲಿ ಬರುತ್ತಿದ್ದ ಒಬ್ಬ ವಿಮೆ ಏಜೆಂಟ್. ಹೊಸನಗರದಲ್ಲಿ ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸು. ಅವಳು ನನಗಿಂತ ಎರಡು ವರ್ಷ ದೊಡ್ಡವಳು. ಆದರೂ ಎರಡನೇ ವಾರಕ್ಕೇ ನಾವು ಏಕವಚನದಲ್ಲಿ ಮಾತಾಡುವಷ್ಟು ಹತ್ತಿರವಾಗಿದ್ದೆವು.

ಮೇಷ್ಟ್ರ ಗುರಿ ಒಂದೇ. ಮೊದಲ ಕಂತು ನೋಡಿದವನು ಕೊನೆಯ ಕಂತಿನ ತನಕ ಕೂತಲ್ಲಿಂದ ಏಳಬಾರದು. ಒಲೆಯ ಮೇಲಿನ ಹಾಲು ಉಕ್ಕಿದರೂ ಏಳಬಾರದು, ಬಾಗಿಲಿಗೆ ನೆಂಟರು ಬಂದರೂ ಏಳಬಾರದು. ಅದಕ್ಕೆ ಅವರದ್ದೇ ಒಂದು ಪದ್ಧತಿಯಿತ್ತು. ಪ್ರತಿವಾರ ನಮ್ಮಲ್ಲೊಬ್ಬರು ತಮ್ಮ ಮನೆಯಲ್ಲಿ ನಿಜವಾಗಿ ನಡೆದದ್ದೊಂದನ್ನು ಹೇಳಬೇಕು. ಹೇಳಿದವರು ಅದನ್ನು ಬರೆಯುವಂತಿಲ್ಲ. ಉಳಿದಿಬ್ಬರಲ್ಲಿ ಒಬ್ಬರು ಬರೆಯಬೇಕು. ಹಳೆಯ ಮದುವೆ ಕಾಗದಗಳನ್ನು ಅರ್ಧಕ್ಕೆ ಕತ್ತರಿಸಿ ಕೊಡುತ್ತಿದ್ದರು. ಅದರ ಹಿಂದಿನ ಖಾಲಿ ಜಾಗದಲ್ಲಿ ಒಂದೊಂದು ದೃಶ್ಯ. ಮುಂದಿನ ಭಾನುವಾರ ಆ ಚೀಟಿಗಳೆಲ್ಲ ಗೋಡೆಯಿಂದ ಗೋಡೆಗೆ ಕಟ್ಟಿದ ನೈಲಾನ್ ಹಗ್ಗದ ಮೇಲೆ ನೇತಾಡುತ್ತಿದ್ದವು. ಚೀಟಿಯ ಮೇಲೆ ಯಾರ ಹೆಸರೂ ಇರಕೂಡದು.

“ಹೆಸರಿದ್ರೆ ಕಿತ್ತು ಬಿಸಾಕೋಕೆ ಕೈ ಬರಲ್ಲ ಮಾರಾಯ,” ಎನ್ನುತ್ತಿದ್ದರು. ಆಗ ಅದು ನನಗೆ ಬಹಳ ದೊಡ್ಡ ಮಾತಾಗಿ ಕೇಳಿತ್ತು. ತರಗತಿಯಲ್ಲಿ ಆಕರವಿಲ್ಲದ ಒಂದು ಸಾಲನ್ನೂ ನಂಬಬೇಡಿ ಎಂದು ಹುಡುಗರಿಗೆ ಪಾಠ ಮಾಡುತ್ತಿದ್ದವನು ನಾನು. ಅದೇ ನಾನು ಭಾನುವಾರ ಅಲ್ಲಿಗೆ ಹೋಗಿ ಹೆಸರಿಲ್ಲದೆ ಬರೆದು ಬರುತ್ತಿದ್ದೆ.

ಓದುವುದು ಮೇಷ್ಟ್ರೇ. ಅವರ ದನಿ ಸ್ವಲ್ಪ ಒಡಕಾಗಿತ್ತು. ಅವರು ಓದುತ್ತಿರುವಾಗಲೇ, ನಾಲ್ಕು ಗಂಟೆಗೆ ಸರಿಯಾಗಿ, ಕೆಳಗಿನ ಹೋಟೆಲಿನ ಯಜಮಾನರು ಟೀ ತಟ್ಟೆ ಹಿಡಿದು ಮೇಲೆ ಬರುತ್ತಿದ್ದರು. ಅದು ಮೇಷ್ಟ್ರು ಮಾಡಿಟ್ಟ ಪರೀಕ್ಷೆ. ಯಾರಾದರೂ ಟೀ ಕಡೆ ತಿರುಗಿದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು. ಆ ಕ್ಲಿಪ್ಪು ಬಿಚ್ಚಿ ಆ ಚೀಟಿ ಹರಿದು ಬುಟ್ಟಿಗೆ ಹಾಕುತ್ತಿದ್ದರು. ವಿಮೆ ಏಜೆಂಟ್ ಪ್ರತಿಸಲ ತಿರುಗುತ್ತಿದ್ದ. “ನಂಗೆ ಕಥೆ ಬೇಜಾರಲ್ಲ ಸರ್, ಅವರು ಬಿಸ್ಕೆಟ್ ತಂದ್ರಾ ಅಂತ ನೋಡ್ದೆ,” ಎಂದು ಒಮ್ಮೆ ಅವನು ಹೇಳಿದಾಗ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಿದ್ದರು. ಆ ನಗು ಚೆನ್ನಾಗಿ ನೆನಪಿದೆ. ಅಥವಾ ಆಮೇಲಿನದ್ದನ್ನೆಲ್ಲ ನೆನೆದು ನಾನೇ ಅದನ್ನು ದೊಡ್ಡದು ಮಾಡಿಕೊಂಡಿರಬಹುದು...

ಹೊಸನಗರದ ಗೆಳತಿ ಬಹಳ ದಿನ ಸಣ್ಣಪುಟ್ಟದ್ದನ್ನೇ ಹೇಳಿ ತಪ್ಪಿಸಿಕೊಂಡಳು. ನಿಜವಾದದ್ದು ಇನ್ನೂ ಬಂದಿಲ್ಲ ಎಂದು ಮೇಷ್ಟ್ರು ಬಿಡಲಿಲ್ಲ. ಕೊನೆಗೊಂದು ಭಾನುವಾರ ಅವಳು ಬಾಯಿ ಬಿಟ್ಟಳು. ಅದಕ್ಕೂ ಮೊದಲು ಕೇಳಿದ್ದಳು:

“ಸರ್, ಇದು ಇಲ್ಲೇ ಇರುತ್ತಲ್ವಾ?”

“ಈ ಕೋಣೆ ಬಿಟ್ಟು ಹೋಗಲ್ಲ ತಂಗಿ. ಇದೆಲ್ಲ ಅಭ್ಯಾಸಕ್ಕೆ.”

ಅವಳು ನನ್ನ ಕಡೆಯೂ ನೋಡಿದಳು. ನಾನೂ ತಲೆಯಾಡಿಸಿದೆ.

ಅವಳ ಅಪ್ಪ ತೀರ್ಥಹಳ್ಳಿಯಲ್ಲಿ ಖಾಸಗಿ ಬಸ್ಸಿನ ಏಜೆಂಟ್ ಆಗಿದ್ದರು. ವಾರವೆಲ್ಲ ಅಲ್ಲೇ ಇದ್ದು ಭಾನುವಾರ ಮನೆಗೆ ಬರುವವರು. ಹೋಟೆಲ್ ಊಟ ಒಗ್ಗುವುದಿಲ್ಲವೆಂದು ಅಮ್ಮ ದಿನಾ ಬೆಳಿಗ್ಗೆ ಹೊಸನಗರದಿಂದ ಮೊದಲ ಬಸ್ಸಿನ ಡ್ರೈವರ್ ಹತ್ತಿರ ಊಟದ ಕ್ಯಾರಿಯರ್ ಕೊಟ್ಟು ಕಳಿಸುತ್ತಿದ್ದರು. ಸಂಜೆಯ ಬಸ್ಸಿನಲ್ಲಿ ಅದು ವಾಪಸ್ಸು ಬರುತ್ತಿತ್ತು. ಏಳನೇ ಕ್ಲಾಸಿನಲ್ಲಿದ್ದ ಇವಳು ಸ್ಟಾಪಿನಲ್ಲಿ ಕಾದು ತರುತ್ತಿದ್ದಳು. ಡಬ್ಬಿಗಳು ಎಂಜಲಾಗಿಯೇ ಬರುತ್ತಿದ್ದವು. ಮುಚ್ಚಳಕ್ಕೆ ಒಣಗಿದ ಕರಿಬೇವು ಅಂಟಿರುತ್ತಿತ್ತು. ಒಂದು ಸಂಜೆ ಕ್ಯಾರಿಯರ್ ತೊಳೆದು ಬಂತು. ಡಬ್ಬಿಗಳನ್ನು ಜೋಡಿಸಿದ ಕ್ರಮ ಬೇರೆ. ಅಮ್ಮ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರು. ಅವರ ಮನೆಯಲ್ಲಿ ಪಾತ್ರೆ ತೊಳೆಯಲು ಬೂದಿ. ಡಬ್ಬಿಯಲ್ಲಿ ಸೋಪಿನ ವಾಸನೆ. ಗಂಡಸು ತೊಳೆದದ್ದಲ್ಲ, ಹೋಟೆಲಿನವರು ತೊಳೆದದ್ದೂ ಅಲ್ಲ ಎಂದು ಅಮ್ಮನಿಗೆ ಅಲ್ಲೇ ತಿಳಿಯಿತು. ಒಂದು ಮಾತೂ ಆಡಲಿಲ್ಲ. ಮರುದಿನವೂ ಕ್ಯಾರಿಯರ್ ಕಟ್ಟಿದರು. ಎರಡು ವರ್ಷ ಕಟ್ಟಿದರು. ಅಪ್ಪ ಭಾನುವಾರ ಬರುವುದೂ ನಿಂತ ಮೇಲೆ ಒಂದು ದಿನ ಕ್ಯಾರಿಯರನ್ನು ಅಟ್ಟಕ್ಕೆ ಹಾಕಿದರು. ತಾಯಿ ಮಗಳು ಇವತ್ತಿನವರೆಗೆ ಆ ವಿಷಯ ಮಾತಾಡಿಲ್ಲ ಎಂದು ಅವಳು ಹೇಳಿ ಮುಗಿಸಿದಳು.

ಯಾರು ಬರೆಯಬೇಕೆಂದು ಚೀಟಿ ಎತ್ತಿದಾಗ ಸರದಿ ನನಗೆ ಬಂತು.

ಆ ವಾರದಷ್ಟು ಸಂತೋಷದಿಂದ ನಾನು ಯಾವತ್ತೂ ಬರೆದಿಲ್ಲ. ಕಂತಿನ ಕೊನೆಗೆ ಹೀಗೆ ಬರೆದೆ: ಒಂದು ಸಂಜೆ ತೊಳೆದು ಬಂದ ಕ್ಯಾರಿಯರಿನ ಮೇಲಿನ ಡಬ್ಬಿ ಖಾಲಿಯಿಲ್ಲ. ಒಳಗೆ ನಾಲ್ಕು ಅಪ್ಪೆಮಿಡಿ ಉಪ್ಪಿನಕಾಯಿ. ಆ ಇನ್ನೊಬ್ಬಳು ಇಟ್ಟು ಕಳಿಸಿದ್ದು. ಅಮ್ಮ ತಟ್ಟೆಗೆ ಅನ್ನ ಬಡಿಸಿಕೊಂಡು, ಆ ಮಿಡಿಯನ್ನು ಕಚ್ಚಿ, ಪೂರ್ತಿ ಊಟ ಮಾಡುತ್ತಾಳೆ. ಮಗಳು ನೋಡುತ್ತಾಳೆ. ಅಲ್ಲಿಗೆ ಕಂತು ಮುಗಿಯುತ್ತದೆ.

ಮೇಷ್ಟ್ರು ಅದನ್ನು ಓದುವಾಗ ಟೀ ಬಂತು. ವಿಮೆ ಏಜೆಂಟ್ ಕೂಡ ತಿರುಗಲಿಲ್ಲ. ಹೋಟೆಲ್ ಯಜಮಾನರೇ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತುಬಿಟ್ಟರು. ಓದಿ ಮುಗಿದ ಮೇಲೆ ಅವರು ಮೆಲ್ಲಗೆ, “ಆಮೇಲೆ ಆ ಹೆಂಗ್ಸು ಎಂತ ಮಾಡ್ತು?” ಎಂದು ಕೇಳಿದರು. ಮೇಷ್ಟ್ರು ನನ್ನ ಬೆನ್ನು ತಟ್ಟಿದರು. ಗೆಳತಿ ಟೀ ಕುಡಿಯದೆ, ಐದರ ಬಸ್ಸು ಹಿಡಿಯಬೇಕೆಂದು ಎದ್ದುಹೋದಳು. ಅವಳಿಗೂ ಹಿಡಿಸಿತು ಎಂದೇ ಅವತ್ತು ಅಂದುಕೊಂಡಿದ್ದೆ.

ಮಳೆಗಾಲ ಕಳೆದ ಮೇಲೆ ಮೇಷ್ಟ್ರು ಚೀಟಿಗಳನ್ನೆಲ್ಲ ಒಂದು ಬಿಸ್ಕೆಟ್ ರಟ್ಟಿನ ಡಬ್ಬಕ್ಕೆ ತುಂಬಿದರು. ಬೆಂಗಳೂರಿನಲ್ಲಿ ಪರಿಚಯದವರಿಗೆ ನಮ್ಮ ಕೆಲಸ ತೋರಿಸಿ ಬರುತ್ತೇನೆ, ನಿಮಗೂ ಕರೆ ಬರುತ್ತದೆ ಎಂದರು. ಡಬ್ಬವನ್ನು ಹೊತ್ತು ಬಸ್ಸಿಗೆ ಹಾಕಿದವನು ನಾನೇ. ಅಲ್ಲಿಂದಾಚೆ ಅವರ ಫೋನು ಒಂದೆರಡು ಸಲ ರಿಂಗಾಯಿತು, ಆಮೇಲೆ ಅದೂ ಇಲ್ಲ. ಹುಷಾರಿಲ್ಲವೇನೋ, ನಂಬರ್ ಬದಲಾಯಿತೇನೋ ಎಂದು ನಾವೇ ಅವರ ಪರವಾಗಿ ಕಾರಣ ಹುಡುಕಿದೆವು.

ಹೋದ ವರ್ಷ ವಿಮೆ ಏಜೆಂಟ್ ನನಗೊಂದು ಮೆಸೇಜ್ ಕಳಿಸಿದ. ಎಂಟು ಕಂತಿನ ಒಂದು ಸರಣಿಯ ಹೆಸರು, ಕೆಳಗೆ ‘ಮೂರನೇದು ನೋಡು’ ಎಂದಷ್ಟೇ. ಕಾಲೇಜಿಗೆ ರಜೆಯಿತ್ತು. ಬೆಳಿಗ್ಗೆ ಕೂತವನು ಮೊದಲ ಕಂತಿನಿಂದಲೇ ಶುರು ಮಾಡಿದೆ. ಊರಿನ ಹೆಸರು ಬೇರೆ ಇತ್ತು, ಅಪ್ಪ ಏಜೆಂಟಿನ ಬದಲು ಕಂಡಕ್ಟರ್ ಆಗಿದ್ದ. ಮೂರನೇ ಕಂತಿನಲ್ಲಿ ಕ್ಯಾರಿಯರ್ ತೊಳೆದು ಬಂತು. ಕೊನೆಯಲ್ಲಿ ಆ ತಾಯಿ ಉಪ್ಪಿನಕಾಯಿ ಕಚ್ಚಿ ಊಟ ಮಾಡಿದಳು. ಕಥೆ, ಚಿತ್ರಕಥೆ, ಸಂಭಾಷಣೆ ಎಂಬಲ್ಲಿ ಮೇಷ್ಟ್ರ ಹೆಸರೊಂದೇ.

ಆ ಹೊತ್ತಿನಲ್ಲಿ ನನಗೆ ಮೊದಲು ಏನನ್ನಿಸಿತು ಎಂಬುದನ್ನು ಬರೆಯಲೇಬೇಕು. ಸಿಟ್ಟಲ್ಲ. ಹೆಮ್ಮೆ. ನನ್ನ ದೃಶ್ಯ ಇಷ್ಟು ಚೆನ್ನಾಗಿ ಕಾಣುತ್ತದಲ್ಲ ಎಂಬ ಹೆಮ್ಮೆ. ಸಿಟ್ಟು ಬಂದದ್ದು ಹೆಸರು ಕಂಡಾಗ. ಗೆಳತಿಯ ನೆನಪಾದದ್ದು ಎಂಟನೆಯ ಕಂತೂ ಮುಗಿದ ಮೇಲೆ.

ಮೇಷ್ಟ್ರನ್ನು ಹುಡುಕುವುದು ಕಷ್ಟವಾಗಲಿಲ್ಲ. ಅವರು ಆಗಲೇ ತೀರ್ಥಹಳ್ಳಿಗೆ ಬಂದು ತಂಗಿಯ ಮನೆಯಲ್ಲಿದ್ದರು. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಬ್ಯಾಂಡೇಜು. ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದವರು ನನ್ನನ್ನು ನೋಡಿ ನಿಜಕ್ಕೂ ಖುಷಿಪಟ್ಟರು. ಕಾಫಿ ತರಿಸಿದರು. ನಾನು ಬೈಯಲು ಹೋದವನು ಕಾಫಿ ಕುಡಿದೆ.

“ಸರ್, ಅದು ಅವಳ ಮನೆ ವಿಷಯ. ಹೊರಗೆ ಹೋಗಲ್ಲ ಅಂದಿದ್ರಿ.”

“ಈ ಮೂರು ತಾಲ್ಲೂಕಲ್ಲಿ ಬಸ್ಸಲ್ಲಿ ಕ್ಯಾರಿಯರ್ ಕಳ್ಸದೆ ಇದ್ದ ಮನೆ ಯಾವುದಿದೆ ಮಾರಾಯ?”

“ಉಪ್ಪಿನಕಾಯಿ? ಅದೂ ಎಲ್ಲಾ ಮನೇದಾ?”

ಅವರು ನನ್ನನ್ನೇ ನೋಡಿದರು. ತರಗತಿಯಲ್ಲಿ ತಪ್ಪು ಸಾಲು ಸಿಕ್ಕಾಗ ನೋಡುತ್ತಿದ್ದ ಹಾಗೆ.

“ಸರಿ, ಉಪ್ಪಿನಕಾಯಿ ಯಾರದ್ದು ಹೇಳು. ಅವಳು ಹೇಳಿದ್ದಾ, ನೀನು ಸೇರಿಸಿದ್ದಾ?”

ನಾನು ಸೇರಿಸಿದ್ದೇ ಎಂದು ಅದುವರೆಗೆ ಖಂಡಿತವಾಗಿ ನಂಬಿದ್ದೆ. ಕೇಳಿದ ಕ್ಷಣದಲ್ಲಿ ಅವಳ ದನಿಯಲ್ಲೇ ‘ನಾಲ್ಕು ಮಿಡಿ’ ಎಂಬ ಮಾತು ಕೇಳಿಸಿತು. ಅದನ್ನು ಅವಳು ಹೇಳಿದ್ದಳೋ, ನಾನು ಬರೆದದ್ದನ್ನು ಮನಸ್ಸು ಅವಳ ಬಾಯಲ್ಲಿಟ್ಟು ಹೇಳಿಸುತ್ತಿತ್ತೋ...

“ನಿಂಗೇ ಗೊತ್ತಿಲ್ಲ. ಮತ್ತೆ ನಾನು ಯಾರದ್ದು ಕದ್ದೆ ಅಂತ ಕೇಳೋಕೆ ಬಂದ್ಯಾ?” ಎಂದರು. ದನಿಯಲ್ಲಿ ಕೊಂಕಿರಲಿಲ್ಲ, ಪಾಠ ಹೇಳುವ ದನಿಯೇ. ಆಮೇಲೆ, ಚೆನ್ನಾಗಿ ಬಂದಿದೆ ಅಲ್ವಾ ಎಂದು ಕೇಳಿದರು. ಹೌದು ಎಂದೆ. ಅದನ್ನು ಯಾಕೆ ಹೇಳಿದೆನೋ ನನಗೆ ಇವತ್ತಿಗೂ ತಿಳಿದಿಲ್ಲ.

ಅಲ್ಲಿಂದ ಸೀದಾ ಹೊಸನಗರದ ಬಸ್ಸು ಹತ್ತಿದೆ. ಅವಳ ಅಂಗಡಿಯಲ್ಲಿ ಪಹಣಿ, ಆಧಾರ್ ಪ್ರತಿ ಎಂದು ಜನ ತುಂಬಿದ್ದರು. ಅವರೆಲ್ಲ ಕರಗುವ ತನಕ ಮೂಲೆಯ ಸ್ಟೂಲಿನಲ್ಲಿ ಕಾದೆ. ಅವಳು ಒಮ್ಮೆ ನನ್ನನ್ನು ನೋಡಿ ತಲೆಯಾಡಿಸಿ ಕೆಲಸ ಮುಂದುವರಿಸಿದಳು. ಕೊನೆಗೆ ಯಂತ್ರ ನಿಲ್ಲಿಸಿ ಎದುರು ಬಂದು ನಿಂತಳು. ಮೇಷ್ಟ್ರನ್ನು ಕಂಡು ಬಂದೆ ಎಂದೆ. ನಾನೇ ಮಾತು ಮುಂದುವರಿಸಿದೆ. ಅವರ ಮೇಲೆ ದೂರು ಕೊಡೋಣ. ಆದರೆ ಒಂದು ವಿಷಯ ಗಟ್ಟಿಯಾಗಬೇಕು. ಉಪ್ಪಿನಕಾಯಿ ನನ್ನ ಕಲ್ಪನೆಯೇ ಆಗಿದ್ದರೆ, ಕಥೆ ನನ್ನ ಚೀಟಿಯಿಂದಲೇ ಹೋಗಿದ್ದು ಎಂದು ಸಾಬೀತಾಗುತ್ತದೆ. ಅದನ್ನು ಅವಳು ಹೇಳಿದ್ದಳೇ, ಇಲ್ಲವೇ?

“ನೀನು ಇದನ್ನ ಕೇಳೋಕೆ ಬಂದ್ಯಾ?” ಎಂದಳು.

ಉತ್ತರಕ್ಕೆ ಕಾಯದೆ ಅವಳೇ ಹೇಳಿದಳು:

“ಪಕ್ಕದ್ಮನೆ ಅಕ್ಕ ಒಂದು ಸೀರೀಸ್ ಚೆನ್ನಾಗಿದೆ ಬನ್ನಿ ಅಂತ ಅಮ್ಮನ್ನ ಕರ್ಕಂಡು ಹೋಗಿ ಕೂರ್ಸಿ ತೋರ್ಸಿದಾರೆ. ಅಮ್ಮ ಮನೆಗೆ ಬಂದು ಕೈಕಾಲು ತೊಳ್ಕಂಡ್ಲು. ಆಮೇಲೆ ನನ್ನ ಹತ್ರ ಒಂದೇ ಮಾತು ಕೇಳಿದ್ಲು. ‘ಊರಿಗೆಲ್ಲ ಹೇಳೋಕೆ ಆಯ್ತು. ಇಷ್ಟು ವರ್ಷದಲ್ಲಿ ಒಂದ್ಸಲ ನನ್ನ ಹತ್ರ ಹೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?’”

ಯಾರೋ ಆಧಾರ್ ಕಾರ್ಡು ಹಿಡಿದು ಬಂದರು. ಅವಳು ಮತ್ತೆ ಯಂತ್ರ ಶುರು ಮಾಡಿ, ಅದರ ಕಡೆಗೇ ನೋಡುತ್ತಾ ಕೇಳಿದಳು: “ನೀನು ಎಲ್ಲ ಕಂತೂ ನೋಡಿದ್ಯಾ?”

“ಹೂಂ.”

“ಒಂದೇ ಸಲಕ್ಕಾ?”

ಸುಳ್ಳು ಹೇಳಬಹುದಿತ್ತು. ಹೂಂ ಎಂದೆ. ಅವಳು ಪ್ರತಿ ತೆಗೆದು ಬಂದವರಿಗೆ ಕೊಟ್ಟಳು. ನನ್ನ ಕಡೆ ತಿರುಗಲಿಲ್ಲ. ಹೊರಟುಬಂದೆ. ಆಮೇಲೆ ಅವಳು ನನ್ನ ಫೋನು ಎತ್ತಿಲ್ಲ.

ಮೇಷ್ಟ್ರು ಹೋದ ಸುದ್ದಿ ಹೇಳಿದವನೂ ವಿಮೆ ಏಜೆಂಟೇ. ಅವನು ಹೋಗಿ ಹಾರ ಹಾಕಿ ಬಂದ. ಎಷ್ಟೆಂದರೂ ಕಲಿಸಿದವರಲ್ವಾ ಎಂದ. ನಾನು ಹೋಗಲಿಲ್ಲ. ಅವರ ಮೇಲಿನ ಸಿಟ್ಟು ಇಳಿದಿಲ್ಲ. ಆ ಒಡಕು ದನಿಯಲ್ಲಿ ನನ್ನ ಸಾಲುಗಳನ್ನು ಇನ್ನೊಮ್ಮೆ ಕೇಳಬೇಕೆಂಬ ಆಸೆಯೂ ಹೋಗಿಲ್ಲ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಯಾರ ಎದುರು ಅಳುವುದೆಂದು ಗೊತ್ತಾಗುವುದಿಲ್ಲ. ಬರೆಯುವುದನ್ನು ಬಿಟ್ಟಿದ್ದೇನೆ. ಇದೊಂದು ಬರೆದೆ. ಇದನ್ನು ಓದಿ ಗೆಳತಿಗೆ ಮತ್ತೊಮ್ಮೆ ನೋವಾದರೆ ಆ ತಪ್ಪೂ ನನ್ನದೇ. ಈ ಸಲ ನನ್ನ ಹೆಸರು ಹಾಕಿಯೇ ಕಳಿಸುತ್ತೇನೆ.

ಹೋದ ವಾರ ಸ್ಟಾಫ್ ರೂಮಿನಲ್ಲಿ ಇಬ್ಬರೇ ಇದ್ದಾಗ ಸಹೋದ್ಯೋಗಿಯೊಬ್ಬರು ತಮ್ಮ ಗಂಡನ ವಿಷಯ ಹೇಳಲು ಶುರು ಮಾಡಿದರು. ಪಾಪ, ಎಷ್ಟು ದಿನದಿಂದ ಒಳಗಿಟ್ಟುಕೊಂಡಿದ್ದರೋ. ಅವರು ನಾಲ್ಕನೇ ಮಾತು ಆಡುವಷ್ಟರಲ್ಲಿ, ಇದನ್ನು ಎಲ್ಲಿ ನಿಲ್ಲಿಸಿ ಕಂತು ಮುಗಿಸಿದರೆ ಚೆನ್ನ ಎಂದು ನನ್ನ ತಲೆ ಲೆಕ್ಕ ಹಾಕುತ್ತಿರುವುದು ನನಗೇ ತಿಳಿಯಿತು.

“ನನ್ನ ಹತ್ರ ಹೇಳ್ಬೇಡಿ ಮೇಡಂ,” ಎಂದೆ.

ಅವರ ಮುಖ ಸಣ್ಣದಾಯಿತು. ಅವತ್ತಿನಿಂದ ಅವರು ನನ್ನ ಜೊತೆ ಟೈಮ್‌ಟೇಬಲ್ ಬಿಟ್ಟು ಬೇರೆ ಮಾತಾಡುವುದಿಲ್ಲ.