ಡಿಬಗರ್ ಹೇಳಿದ ಸುಳ್ಳು

1998ರಲ್ಲಿ ನಾನು ಶಿವಮೊಗ್ಗದ ವಿನೋಬನಗರದಲ್ಲಿದ್ದ ಒಂದು ಚಿಕ್ಕ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಸಂಸ್ಥೆ ಅಂದರೆ ಒಂದು ಮನೆಯ ಮೇಲಂತಸ್ತು. ಕೆಳಗೆ ಹಲ್ಲಿನ ಡಾಕ್ಟರ ಕ್ಲಿನಿಕ್ ಇತ್ತು. ಮಾಲೀಕರು ನಾಗಭೂಷಣ ಸರ್. ಮೊದಲು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತಿದ್ದರು. ನನಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿಸಿದವರು ಅವರೇ. ಇದ್ದ ನೌಕರಿ ಬಿಟ್ಟು, ಕಾರ್ಖಾನೆಗಳಿಗೆ ಬೇಕಾದ ಪ್ರೋಗ್ರಾಂಗಳನ್ನು ನಮ್ಮೂರಲ್ಲೇ ಬರೆಯಬಹುದು ಎಂದು ಹಟ ಹಿಡಿದು ಈ ಸಂಸ್ಥೆ ಕಟ್ಟಿದ್ದರು. ಅವರ ಮೇಲೆ ನನಗೆ ಅಪಾರ ಗೌರವವಿತ್ತು. ಈಗಲೂ ಇದೆ. ಆದರೂ ಆ ವರ್ಷ ಅವರ ಮಾತು ಮೀರಬೇಕಾಗಿ ಬಂತು.

ನಮ್ಮ ದೊಡ್ಡ ಗಿರಾಕಿ ಭದ್ರಾವತಿಯ ಹೊರವಲಯದ ಒಂದು ಖಾಸಗಿ ಫೌಂಡ್ರಿ. ಗುಜರಿ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಪಂಪಿನ ಬಿಡಿಭಾಗಗಳನ್ನು ಎರಕ ಹೊಯ್ಯುತ್ತಿದ್ದರು. ಕುಲುಮೆಯ ಪಕ್ಕದ ಪೆಟ್ಟಿಗೆಯೊಂದರಲ್ಲಿ ಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇತ್ತು. ಲೋಹವನ್ನು ಎಷ್ಟು ಬಿಸಿಗೆ ಏರಿಸಬೇಕು ಎಂಬ ಗುರಿಯನ್ನು ಅದು ನೋಡಿಕೊಳ್ಳುತ್ತಿತ್ತು. ಈ ಗುರಿ ಎರಡು ರೀತಿ ಬದಲಾಗಬಹುದಿತ್ತು. ಆಪರೇಟರ್ ಕೀಪ್ಯಾಡ್ ಒತ್ತಿ ಬದಲಾಯಿಸಬಹುದು, ಇಲ್ಲವೇ ಕಂಟ್ರೋಲರ್ ತಾನೇ ಲೆಕ್ಕ ಹಾಕಿ ಬದಲಾಯಿಸಬಹುದು. ಬದಲಾದಾಗಲೆಲ್ಲ ಅದರ ದಾಖಲೆಯೊಂದು ಕಂಟ್ರೋಲರ್‌ನ ನೆನಪಿನಲ್ಲಿ ಉಳಿಯುತ್ತಿತ್ತು.

ಆ ನೆನಪಿನೊಳಗೆ ಇಣುಕಿ ನೋಡಲು ನಾಗಭೂಷಣ ಸರ್ ಒಂದು ಡಿಬಗರ್ ಬರೆದಿದ್ದರು. ಒಂದು ಪ್ರೋಗ್ರಾಂ ಒಳಗೆ ಏನು ಮಾಡುತ್ತಿದೆ ಎಂದು ನೋಡಿ ತೋರಿಸುವ ಇನ್ನೊಂದು ಪ್ರೋಗ್ರಾಂಗೆ ಡಿಬಗರ್ ಎನ್ನುತ್ತಾರೆ. ನಮ್ಮದು ಆಫೀಸಿನ ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಒಂದು ಕೇಬಲ್ ಮೂಲಕ ಕಂಟ್ರೋಲರ್‌ಗೆ ಜೋಡಿಸಿದರೆ ಒಳಗಿನ ಅಂಕಿಗಳನ್ನೆಲ್ಲ ಪರದೆಯ ಮೇಲೆ ತೋರಿಸುತ್ತಿತ್ತು. ಅದು ಸರ್ ಅವರ ಮುದ್ದಿನ ಕೂಸು. ಆ ವರ್ಷ ಅದನ್ನು ಹಳೆಯ ಡಾಸ್ ಕಂಪ್ಯೂಟರಿನಿಂದ ಹೊಸ ಕಂಪ್ಯೂಟರಿಗೆ, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಹೊಸ ಕಂಪೈಲರಿಗೆ ಸಾಗಿಸಿದ್ದರು. ಒಂದು ಸಾಲೂ ತಿದ್ದದೆ ಹೊಸ ಯಂತ್ರದಲ್ಲಿ ಓಡಿತು ಎಂದು ನಮಗೆಲ್ಲ ಮೈಸೂರ್‌ಪಾಕ್ ಹಂಚಿದ್ದರು. ಬೇರೆ ಎರಡು ಕಾರ್ಖಾನೆಗಳು ಅದನ್ನು ಕೊಳ್ಳುವ ಮಾತಾಡುತ್ತಿದ್ದವು.

ಮಳೆಗಾಲ ಮುಗಿಯುವ ಹೊತ್ತಿಗೆ ಫೌಂಡ್ರಿಯಲ್ಲಿ ಅನಾಹುತವಾಯಿತು. ಬೆಳಗಿನ ಪಾಳಿಯಲ್ಲಿ ಕುಲುಮೆ ಇರಬೇಕಾದ್ದಕ್ಕಿಂತ ತುಂಬ ಹೆಚ್ಚು ಬಿಸಿಯೇರಿ, ಒಳಗಿನ ಇಟ್ಟಿಗೆಯ ಪದರ ಒಡೆದು, ಕರಗಿದ ಲೋಹ ಹೊರಗೆ ನುಗ್ಗಿತು. ಕೆಲಸಗಾರನೊಬ್ಬನ ಪಾದಗಳು ಸುಟ್ಟವು. ಆಗ ಕುಲುಮೆಯ ಆಪರೇಟರ್ ಆಗಿದ್ದವನು ಸೆಲ್ವರಾಜ್. ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ಭದ್ರಾವತಿಯಲ್ಲೇ ನೆಲೆಸಿದ ಮನೆತನದವನು. ಮ್ಯಾನೇಜರ್ ನಮ್ಮನ್ನು ಕರೆಸಿದರು. ನಾಗಭೂಷಣ ಸರ್ ಹೋಗಿ ಹೊಸ ಡಿಬಗರ್ ಜೋಡಿಸಿದರು. ಕೊನೆಯ ಬದಲಾವಣೆಯ ದಾಖಲೆಯಲ್ಲಿ ಬಿಸಿ, ಗುರಿ ಎಲ್ಲವೂ ಸರಿಯಾಗಿ ಕಂಡವು. ಬದಲಾಯಿಸಿದ್ದು ಯಾರು ಎಂಬಲ್ಲಿ ಒಂದೇ ಪದವಿತ್ತು: ಮ್ಯಾನುಯಲ್. ಅಂದರೆ ಕೈಯಿಂದ, ಕೀಪ್ಯಾಡ್ ಒತ್ತಿ.

"ನಾನು ಕೈಯೇ ಇಡ್ಲಿಲ್ಲ ಸಾರ್" ಎಂದು ಸೆಲ್ವರಾಜ್ ಕೂಗಾಡಿದನಂತೆ. ಯಾರೂ ನಂಬಲಿಲ್ಲ. ಅವನನ್ನು ಸಸ್ಪೆಂಡ್ ಮಾಡಿ ವಿಚಾರಣೆ ಇಟ್ಟರು. ಸುಟ್ಟ ಪಾದದವನ ನೆಂಟರು ಅವನ ಮನೆ ಮುಂದೆ ನಿಂತು ಬೈದುಹೋದರು. ಜೊತೆಗೆ ಕೆಲಸ ಮಾಡಿದವರೂ ಅವನ ಜೊತೆ ಟೀ ಕುಡಿಯುವುದನ್ನು ಬಿಟ್ಟರು.

ನನಗೂ ಆಗ ಅವನ ಮೇಲೆ ಕನಿಕರ ಹುಟ್ಟಲಿಲ್ಲ. ಹಿಂದೊಮ್ಮೆ ಹೆಲ್ಮೆಟ್ ಹಾಕದೆ ಕುಲುಮೆಯ ಹತ್ತಿರ ಹೋಗಿದ್ದಕ್ಕೆ ಎಲ್ಲರೆದುರು, "ಸೀರೆ ಉಟ್ಕೊಂಡು ಸಿನಿಮಾ ನೋಡೋಕ್ ಬಂದ್ರಾ? ಹೊರಗೆ ಹೋಗ್ರೀ" ಎಂದು ಅಟ್ಟಿದ್ದ. ಮ್ಯಾನೇಜರ್‌ನಿಂದ ವಾಚ್‌ಮನ್‌ವರೆಗೆ ಎಲ್ಲರ ಜೊತೆಗೂ ಅವನದು ಜಗಳವೇ.

ವಿಚಾರಣೆಗೆ ಕೆಲವು ದಿನ ಮುಂಚೆ ನಾನು ಆಫೀಸಿನಲ್ಲಿ ಬೇರೇನೋ ಕೆಲಸಕ್ಕೆಂದು ನಮ್ಮಲ್ಲಿದ್ದ ಹೆಚ್ಚುವರಿ ಕಂಟ್ರೋಲರ್ ಬೋರ್ಡನ್ನು ಮೇಜಿನ ಮೇಲಿಟ್ಟು ಡಿಬಗರ್ ಜೋಡಿಸಿದೆ. ಬೋರ್ಡು ತಾನಾಗಿ ಗುರಿ ಬದಲಾಯಿಸುವಂತೆ ಮಾಡಿ ದಾಖಲೆ ನೋಡಿದೆ. ಮ್ಯಾನುಯಲ್ ಎಂದಿತ್ತು. ಮತ್ತೆ ಮಾಡಿದೆ. ಮತ್ತೆ ಮ್ಯಾನುಯಲ್. ಆದರೆ ಆ ಬೋರ್ಡಿಗೆ ಕೀಪ್ಯಾಡೇ ಇರಲಿಲ್ಲ.

ಮಧ್ಯಾಹ್ನ ಊಟ ಮಾಡಿ ಬಂದು ಅದನ್ನೇ ಮಾಡಿದಾಗ ಮ್ಯಾನುಯಲ್ ಹೋಗಿ 'ಅನ್‌ನೋನ್' ಎಂದು ಬಂತು. ನಡುವೆ ಬದಲಾಗಿದ್ದು ಒಂದೇ, ಗಡಿಯಾರ. ಬೋರ್ಡಿನ ಲೆಕ್ಕದಲ್ಲಿ ಎರಡನೇ ಪಾಳಿ ಶುರುವಾಗಿತ್ತು. ದಾಖಲೆಯಲ್ಲಿ ಪಾಳಿಯ ಸಂಖ್ಯೆಯೂ ಇರುತ್ತದೆ ಎಂಬುದು ಆಗ ನೆನಪಾಯಿತು.

ದಾಖಲೆಯಲ್ಲಿ ಯಾವುದರ ನಂತರ ಯಾವುದು ಬರುತ್ತದೆ ಎಂಬ ವ್ಯಾಖ್ಯೆ ಹೆಡರ್ ಫೈಲ್ ಎಂಬ ಕಡತದಲ್ಲಿರುತ್ತದೆ. ಕಂಟ್ರೋಲರ್‌ನ ಪ್ರೋಗ್ರಾಂ, ಡಿಬಗರ್ ಎರಡೂ ಅದನ್ನೇ ಹಂಚಿಕೊಳ್ಳುತ್ತಿದ್ದವು. ತೆರೆದು ನೋಡಿದೆ. ಎರಡೂ ಕಡೆ ಅಕ್ಷರ ಅಕ್ಷರವೂ ಒಂದೇ. ಹಾಗಾದರೆ ತಪ್ಪೆಲ್ಲಿ? ಬಹಳ ಹೊತ್ತು ದಿಟ್ಟಿಸಿದ ಮೇಲೆ 'ಇಂಟ್' ಎಂಬ ಪದದ ಮೇಲೆ ಕಣ್ಣು ನಿಂತಿತು. ಸಿ ಭಾಷೆಯಲ್ಲಿ ಇಂಟ್ ಎಂದರೆ ಒಂದು ಪೂರ್ಣಾಂಕ, ಆದರೆ ಅದು ನೆನಪಿನಲ್ಲಿ ಎಷ್ಟು ಜಾಗ, ಅಂದರೆ ಎಷ್ಟು ಬೈಟ್, ಹಿಡಿಯಬೇಕು ಎಂಬುದನ್ನು ಭಾಷೆ ಆಯಾ ಯಂತ್ರಕ್ಕೇ ಬಿಟ್ಟಿದೆ. ಒಂದೂರಿನ ಸೇರು ಇನ್ನೊಂದೂರಿನ ಸೇರಿಗಿಂತ ದೊಡ್ಡದಿರುವ ಹಾಗೆ. ಕಂಟ್ರೋಲರ್‌ನಲ್ಲಿ ಇಂಟ್ ಅಂದರೆ ಎರಡು ಬೈಟ್. ಹಳೆಯ ಡಾಸ್ ಕಂಪೈಲರಿನಲ್ಲೂ ಎರಡೇ. ಹೊಸ ಕಂಪೈಲರಿನಲ್ಲಿ ನಾಲ್ಕು.

ಬಿಸಿ ಮತ್ತು ಗುರಿಯ ಅಂಕಿಗಳನ್ನು 'ಲಾಂಗ್' ಎಂಬ ಇನ್ನೊಂದು ಬಗೆಯ ಪೂರ್ಣಾಂಕವಾಗಿ ಬರೆದಿದ್ದರಿಂದ ಅವು ಎರಡೂ ಯಂತ್ರಗಳಲ್ಲಿ ನಾಲ್ಕೇ ಬೈಟ್ ಇದ್ದು ಸರಿಯಾಗಿ ಕಾಣುತ್ತಿದ್ದವು. ಆಮೇಲೆ ಬರುವ, ಎಷ್ಟನೇ ಬದಲಾವಣೆ ಎಂಬ ಎಣಿಕೆಯ ಅಂಕಿ ಇಂಟ್. ಅದನ್ನು ಓದುವಾಗ ಹೊಸ ಡಿಬಗರ್ ಪಕ್ಕದ ಎರಡು ಬೈಟನ್ನೂ ಸೇರಿಸಿ ನುಂಗುತ್ತಿತ್ತು. ಆ ಎರಡು ಬೈಟಿನಲ್ಲೇ ಯಾರು ಬದಲಾಯಿಸಿದರು ಎಂಬ ಗುರುತು ಇದ್ದದ್ದು. ಸೊನ್ನೆ ಎಂದರೆ ತಾನಾಗಿ, ಒಂದು ಎಂದರೆ ಕೈಯಿಂದ. ಗುರುತನ್ನು ದಾಟಿ ಹೋದ ಡಿಬಗರ್ ಅದರ ಮುಂದಿದ್ದ ಪಾಳಿಯ ಸಂಖ್ಯೆಯನ್ನೇ ಗುರುತು ಎಂದು ಓದುತ್ತಿತ್ತು. ಎರಡನೇ ಪಾಳಿಯ ಎರಡಕ್ಕೆ ಅರ್ಥ ಸಿಗದೆ ಅನ್‌ನೋನ್ ಎಂದಿತ್ತು. ಬೆಳಗಿನ ಪಾಳಿ ಅಂದರೆ ಒಂದು. ಬೆಳಗಿನ ಪಾಳಿಯಲ್ಲಿ ಕಂಟ್ರೋಲರ್ ಏನೇ ಮಾಡಿದರೂ ಅದು ಕೆಲಸಗಾರನ ತಲೆಗೇ ಬರುತ್ತಿತ್ತು.

ನಾಗಭೂಷಣ ಸರ್‌ಗೆ ತೋರಿಸಿದೆ. ಅವರಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ, ನೋಡಿದ ತಕ್ಷಣ ತಿಳಿಯಿತು. ಕನ್ನಡಕ ತೆಗೆದು ಒರೆಸಿಕೊಂಡು ಕೂತರು.

"ಸರಿ ಮಾಡಿ ಹೊಸ ವರ್ಷನ್ ಹಾಕೋಣ. ವಿಚಾರಣೆಯಲ್ಲಿ ಮಾತ್ರ ಈ ವಿಷಯ ಬೇಡ" ಎಂದರು.

"ಸರ್, ಅವ್ನ ಕೆಲಸ ಹೋಗುತ್ತೆ."

"ನೋಡು ಸುಮಾ, ನಮ್ಮ ಡಿಬಗರ್ ಸುಳ್ಳು ಹೇಳ್ತು ಅಂತ ಗೊತ್ತಾದ್ರೆ ಯಾರು ತಗೋತಾರೆ? ಇಲ್ಲಿ ಆರು ಜನರ ಮನೆ ನಡೀಬೇಕು. ಅವ್ನು ಹೇಗಿದ್ರೂ ಜಗಳಗಂಟ. ಇವತ್ತಲ್ಲ ನಾಳೆ ಹೊರಗೆ ಹಾಕೋರೇ ಮಾರಾಯ್ತಿ."

"ಜಗಳ ಆಡಿದ್ದಕ್ಕೆ ಹಾಕ್ಲಿ ಸರ್. ಮಾಡದೇ ಇರೋದಕ್ಕೆ ಯಾಕೆ? ನೀವು ಹೇಳದಿದ್ರೆ ನಾನು ಹೇಳ್ತೀನಿ."

"ನಿನ್ನನ್ನ ಅಲ್ಲಿಗೆ ಕರ್ಕೊಂಡು ಹೋಗೋರು ಯಾರು?" ಎಂದು ಅವರು ಎದ್ದುಹೋದರು. ಅವರು ನನ್ನ ಮೇಲೆ ದನಿಯೇರಿಸಿದ್ದು ಅದೇ ಮೊದಲು.

ವಿಚಾರಣೆಯ ದಿನ ಸರ್ ಒಬ್ಬರೇ ಭದ್ರಾವತಿಗೆ ಹೋದರು. ನಾನು ಆಫೀಸಿಗೆ ಹೋಗಿ ಆ ಬೋರ್ಡನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದೆ. ಕೆಲಸ ಹೋದರೆ ಮನೆಯಲ್ಲಿ ಏನು ಹೇಳಲಿ ಎಂಬ ಅಳುಕು ದಾರಿಯುದ್ದಕ್ಕೂ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಪ್ರೋಗ್ರಾಂ ತಪ್ಪಬಹುದು. ತಪ್ಪಿದ ಪ್ರೋಗ್ರಾಂನ ಮರ್ಯಾದೆ ಉಳಿಸಲು ಮನುಷ್ಯನನ್ನು ಬಲಿ ಕೊಡುವುದೆಂದರೇನು?

ಫೌಂಡ್ರಿ ಗೇಟಿನಲ್ಲಿ ವಾಚ್‌ಮನ್ ತಡೆದ. "ನಿಮ್ ಹೆಸ್ರಿಲ್ಲ ಮೇಡಂ, ಬಿಡಕ್ಕಾಗಲ್ಲ." ವಾದ ಮಾಡುತ್ತಿರುವಾಗಲೇ ಸೆಲ್ವರಾಜ್ ಬಂದ. ಮೈ ಇಳಿದುಹೋಗಿತ್ತು. ಆದರೂ ಕಣ್ಣಿನಲ್ಲಿ ಅದೇ ಕಿಡಿ.

"ಏನ್ ಮೇಡಂ, ನೀವೂ ನನ್ ಮೇಲೆ ಹೇಳೋಕ್ ಬಂದ್ರಾ?"

"ಇಲ್ಲ. ನೀವು ಕೀಪ್ಯಾಡ್ ಮುಟ್ಟಿಲ್ಲ ಅಂತ ಹೇಳೋಕೆ. ಆದ್ರೆ ಒಳಗೆ ಬಿಡ್ತಿಲ್ಲ."

ಅವನು ನನ್ನನ್ನೇ ನೋಡಿದ. ನಂಬಿದ ಹಾಗೆ ಕಾಣಲಿಲ್ಲ. ಆದರೂ ವಾಚ್‌ಮನ್ ಕಡೆ ತಿರುಗಿ, "ನಾನೂ ಸಾಕ್ಷಿ ತರಬೌದು ಅಂತ ನೋಟಿಸಲ್ಲಿ ಆಫೀಸಿನವ್ರೇ ಬರೆದು ಕೊಟ್ಟಿದಾರೆ. ಇವ್ರೇ ನನ್ ಸಾಕ್ಷಿ. ಗೇಟ್ ತೆಗಿ" ಎಂದ.

ಒಳಗೆ ವಿಚಾರಣೆ ನಡೆಸಲು ಶಿವಮೊಗ್ಗದಿಂದ ಬಂದಿದ್ದ ವಯಸ್ಸಾದ ವಕೀಲರು ಕೂತಿದ್ದರು. ಒಂದು ಪಕ್ಕದಲ್ಲಿ ಮ್ಯಾನೇಜರ್, ಇನ್ನೊಂದು ಪಕ್ಕದಲ್ಲಿ ನಾಗಭೂಷಣ ಸರ್. ಆರೋಪಿಯ ಸಾಕ್ಷಿಯಾಗಿ ಒಳಬಂದ ನನ್ನನ್ನು ಕಂಡು ಸರ್ ಮುಖ ಕಪ್ಪಿಟ್ಟಿತು. ನಾನು ಯಾರನ್ನೂ ಕೇಳದೆಯೇ ಮೇಜಿನ ಮೇಲೆ ಬೋರ್ಡ್ ಇಟ್ಟು, ಸರ್ ತಂದಿದ್ದ ಕಂಪ್ಯೂಟರಿಗೇ ಕೇಬಲ್ ಜೋಡಿಸಿದೆ. ಇನ್ನೂ ಬೆಳಗಿನ ಪಾಳಿಯ ಹೊತ್ತು. ಬೋರ್ಡು ತಾನಾಗಿ ಗುರಿ ಬದಲಾಯಿಸುವಂತೆ ಮಾಡಿದೆ. ಪರದೆಯ ಮೇಲೆ ಮ್ಯಾನುಯಲ್ ಎಂದು ಮೂಡಿತು.

ವಕೀಲರು ಬೋರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದ್ರಲ್ಲಿ ಕೀಪ್ಯಾಡ್ ಎಲ್ಲಿದೆಯಮ್ಮ?"

"ಇಲ್ಲ ಸರ್."

"ಮತ್ತೆ ಒತ್ತಿದ್ದು ಯಾರು?"

"ಯಾರೂ ಇಲ್ಲ ಸರ್. ಅದನ್ನೇ ಹೇಳೋಕೆ ಬಂದಿದ್ದು."

ಮ್ಯಾನೇಜರ್ ಕುರ್ಚಿಯಿಂದ ಎದ್ದರು. "ಇದು ಇವ್ರ ಬೋರ್ಡು. ಏನೋ ಮಾಡ್ಕೊಂಡು ತಂದಿದಾರೆ. ಒಂದು ಹುಡುಗಿ ಮಾತು ಕಟ್ಕೊಂಡು..."

"ಹಾಗಾದ್ರೆ ನಿಮ್ಮ ಕುಲುಮೆ ಹತ್ರಾನೇ ಹೋಗೋಣ ಬನ್ನಿ. ಹೇಗೂ ಅದು ನಿಂತಿದೆ. ಕೀಪ್ಯಾಡ್ ನೀವೇ ಬಿಚ್ಚಿ, ನಿಮ್ಮ ಜೇಬಲ್ಲೇ ಇಟ್ಕೊಳ್ಳಿ" ಎಂದೆ.

ವಕೀಲರು ನಾಗಭೂಷಣ ಸರ್ ಕಡೆ ತಿರುಗಿದರು. "ಪ್ರೋಗ್ರಾಂ ನಿಮ್ದು. ಈ ಹುಡುಗಿ ಹೇಳೋದು ನಿಜಾನಾ, ಸುಳ್ಳಾ?"

ಸರ್ ಮೇಜನ್ನೇ ನೋಡುತ್ತ ಕೂತರು. ಆಮೇಲೆ ಮೆಲ್ಲಗೆ, "ನಿಜ. ಡಿಬಗರ್ ತಪ್ಪು ಓದಿದೆ" ಎಂದರು.

ವಕೀಲರ ಎದುರಿಗೇ ಕುಲುಮೆಯ ಕಂಟ್ರೋಲರ್‌ನಿಂದ ಆ ದಿನದ ದಾಖಲೆಯನ್ನು ಬೈಟ್ ಬೈಟಾಗಿ ಓದಿದೆವು. ಗುರುತಿನ ಜಾಗದಲ್ಲಿ ಸೊನ್ನೆ ಇತ್ತು. ಕಂಟ್ರೋಲರ್ ತಾನಾಗಿಯೇ ಗುರಿ ಏರಿಸಿತ್ತು. ಬಿಸಿ ಅಳೆಯುವ ಸಲಾಕೆ ಸವೆದು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತಿದ್ದದ್ದು ಕಾರಣ ಎಂದು ಆಮೇಲೆ ಗೊತ್ತಾಯಿತು. ಸೆಲ್ವರಾಜ್‌ನನ್ನು ಕೆಲಸಕ್ಕೆ ವಾಪಸ್ ತೆಗೆದುಕೊಂಡರು.

ಆ ದಿನ ಸರ್ ನನ್ನನ್ನು ಜೊತೆಗೆ ಕರೆಯದೆ ಹೊರಟರು. ನಾನು ಬಸ್ಸಿನಲ್ಲೇ ಬಂದೆ. ಮರುದಿನ ಆಫೀಸಿಗೆ ಹೋದಾಗ ಕೆಲಸ ಬಿಡು ಎನ್ನಲಿಲ್ಲ, ಮಾತೂ ಆಡಲಿಲ್ಲ. ಡಿಬಗರ್ ಕೊಳ್ಳಬೇಕಿದ್ದ ಕಾರ್ಖಾನೆಗಳಲ್ಲಿ ಒಂದು ಕೈಬಿಟ್ಟಿತು. ಜೊತೆಯವರ ಮುಖದಲ್ಲಿ ಅದು ನನ್ನಿಂದ ಎಂಬ ಭಾವ ಎದ್ದು ಕಾಣುತ್ತಿತ್ತು. ಇರಲಿ ಅಂದುಕೊಂಡೆ.

ಸರಿಪಡಿಸುವ ಕೆಲಸ ನನಗೇ ಬಂತು. ಆ ಒಂದು ಇಂಟ್ ಇದ್ದ ಜಾಗ ತಿದ್ದಿದರೆ ಸಾಕು ಎಂದು ಸರ್ ಚೀಟಿ ಬರೆದು ಕಳಿಸಿದರು. ನಾನು ಒಪ್ಪಲಿಲ್ಲ. ಇಂಟ್, ಲಾಂಗ್ ಎಂಬ ಪದಗಳನ್ನೇ ಆ ಕಡತದಿಂದ ತೆಗೆದು, ಎರಡು ಬೈಟಿನದು, ನಾಲ್ಕು ಬೈಟಿನದು ಎಂದು ಅಳತೆ ಹೇಳುವ ಹೆಸರುಗಳನ್ನೇ ಎಲ್ಲ ಕಡೆ ಹಾಕಿದೆ. ಯಾವ ಯಂತ್ರಕ್ಕೆ ಒಯ್ದರೂ ಅಳತೆ ಬದಲಾಗಬಾರದು. ಜೊತೆಗೆ ಇನ್ನೊಂದು ಕೆಲಸ ಮಾಡಿದೆ. ಡಿಬಗರ್ ಶುರುವಾದ ಕೂಡಲೇ ಕಂಟ್ರೋಲರ್‌ಗೂ ತನಗೂ ವ್ಯಾಖ್ಯೆ, ಅಳತೆ ಎರಡೂ ಒಂದೇ ಇವೆಯೇ ಎಂದು ಪರೀಕ್ಷಿಸಬೇಕು. ಇಲ್ಲದಿದ್ದರೆ ಏನನ್ನೂ ತೋರಿಸದೆ ನಿಲ್ಲಬೇಕು.

ಆಗ ಸರ್ ಮೌನ ಮುರಿದು ನನ್ನ ಮೇಜಿನ ಹತ್ತಿರ ಬಂದರು. "ಗಿರಾಕಿ ಮುಂದೆ ನಮ್ಮ ಡಿಬಗರ್ 'ನಂಗೊತ್ತಿಲ್ಲ' ಅಂತ ಕೂತ್ರೆ ಮರ್ಯಾದೆ ಏನು ಉಳೀತು?"

"ಗೊತ್ತಿಲ್ದೇ ಇರೋದನ್ನ ಗೊತ್ತು ಅಂದಿದ್ದಕ್ಕೇ ಅಲ್ವಾ ಸರ್ ಇಷ್ಟೆಲ್ಲಾ ಆಗಿದ್ದು? ಈ ಪರೀಕ್ಷೆ ತೆಗೀಬೇಕಂದ್ರೆ ಬೇರೆಯವ್ರ ಕೈಲಿ ತೆಗೆಸಿ. ನಾನು ತೆಗೆಯಲ್ಲ."

ಅವರು ತಮ್ಮ ಮೇಜಿಗೆ ವಾಪಸ್ ಹೋದರು. ಯಾರ ಕೈಲೂ ತೆಗೆಸಲಿಲ್ಲ.

ಹೊಸ ವರ್ಷನ್ ಹಾಕಲು ಫೌಂಡ್ರಿಗೆ ಹೋದಾಗ ಕುಲುಮೆಯ ಹತ್ತಿರ ಸೆಲ್ವರಾಜ್ ಇದ್ದ. ಥ್ಯಾಂಕ್ಸ್ ಗೀಂಕ್ಸ್ ಏನೂ ಇಲ್ಲ. ಪಕ್ಕದವನಿಗೆ ಏನೋ ಬೈಯುತ್ತಿದ್ದವನು ನನ್ನ ಕಡೆ ತಿರುಗಿ, "ಈ ಸಲನಾದ್ರೂ ನಿಜ ಹೇಳುತ್ತಾ ಮೇಡಂ ಇದು?" ಎಂದ.

"ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನುತ್ತೆ."

"ಅಷ್ಟು ಹೇಳಿದ್ರೆ ಸಾಕು" ಎಂದು ಮತ್ತೆ ಬೈಗುಳಕ್ಕೆ ಹೋದ.

ಆಮೇಲೆ ನಾನು ಬಹಳ ಕಡೆ ಕೆಲಸ ಮಾಡಿದೆ. 'ನಮ್ಮ ಯಂತ್ರದಲ್ಲಿ ಸರಿಯಾಗಿ ಓಡುತ್ತಿದೆಯಲ್ಲ, ಇನ್ನೇನು ತಕರಾರು' ಎಂಬ ಮಾತನ್ನು ಎಲ್ಲ ಕಡೆಯೂ ಕೇಳಿದ್ದೇನೆ. ಎಲ್ಲ ಕಡೆಯೂ ತಕರಾರು ತೆಗೆದಿದ್ದೇನೆ. ಹಟಮಾರಿ ಎಂಬ ಹೆಸರು ಬಂತು, ಒಂದೆರಡು ಬಡ್ತಿ ತಪ್ಪಿದವು. ಪೂರ್ತಿ ತಪ್ಪು ತೋರಿಸುವ ಉಪಕರಣವನ್ನು ಜನ ಮೂಲೆಗೆ ಎಸೆಯುತ್ತಾರೆ. ಮುಕ್ಕಾಲು ಪಾಲು ಸರಿ ತೋರಿಸುವುದನ್ನು ನಂಬುತ್ತಾರೆ, ಉಳಿದ ಕಾಲು ಪಾಲಿನಲ್ಲಿ ಯಾರೋ ಒಬ್ಬ ಸಿಕ್ಕಿಬೀಳುತ್ತಾನೆ. ಪರದೆಯ ಮೇಲೆ ಮೂಡಿದ ಒಂದು ಪದ ಒಬ್ಬ ಮನುಷ್ಯನ ವಿರುದ್ಧ ಸಾಕ್ಷಿಯಾಗುವುದಾದರೆ, ಮೊದಲು ಆ ಸಾಕ್ಷಿಯ ವಿಚಾರಣೆ ಆಗಬೇಕು. ಇಷ್ಟನ್ನು ಆ ಕೆಲಸ ನನಗೆ ಕಲಿಸಿತು. ಇದರಲ್ಲಿ ಯಾರ ಜೊತೆಗೂ ನಾನು ರಾಜಿಯಾಗಿಲ್ಲ, ಆಗುವುದೂ ಇಲ್ಲ.