ಆರೋಪವನ್ನು ಕನ್ನಡದಲ್ಲಿ ಹೇಳುತ್ತಿದ್ದ ಮೂರ್ತಿಗಳು

ಯಾರನ್ನಾದರೂ ಕೆಲಸದಿಂದ ವಜಾ ಮಾಡುವ ಟಿಪ್ಪಣಿ ಬರೆದ ದಿನ ಮೂರ್ತಿಗಳು ಊಟದ ಡಬ್ಬಿ ತೆಗೆಯುವ ಮೊದಲು ಅದನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ದೆಹಲಿಯ ಆ ಸರ್ಕಾರಿ ಆಯೋಗದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಅವರು ಶಿಸ್ತುಕ್ರಮ ವಿಭಾಗದ ಅಧಿಕಾರಿ, ನಾನು ಗಾಡಿಗಳ ವಿಭಾಗದ ಗುಮಾಸ್ತ. ಇಂಗ್ಲಿಷಿನಲ್ಲಿ ನಾಲ್ಕು ಪುಟ ಮೆರೆದ ಆರೋಪ ಕನ್ನಡಕ್ಕೆ ಬರುವಾಗ ಎರಡು ಸಾಲಿಗೆ ಇಳಿಯುತ್ತಿತ್ತು.

"ನಂಜನಗೂಡಲ್ಲಿ ಕೂತು ಕೇಳಿದ್ರೆ ನಮ್ಮಮ್ಮ, ಹೌದು ಇವನದ್ದೇ ತಪ್ಪು ಅನ್ನಬೇಕು ಕಣಪ್ಪಾ. ಅಯ್ಯೋ ಪಾಪ ಅಂದ್ರೆ ಫೈಲ್ ಮತ್ತೆ ಬಿಚ್ಚಬೇಕು," ಎನ್ನುತ್ತಿದ್ದರು. ಹಾಗೆ ಬಿಚ್ಚಿದ್ದನ್ನೂ ನಾನು ಕಂಡಿದ್ದೇನೆ. ಸಂತೆಯಲ್ಲೂ ಅದೇ ಚಾಳಿ. ತರಕಾರಿ ಭಯ್ಯಾ ಕೊಳೆತ ಟೊಮೆಟೊ ತೂಗಿದರೆ ಬೈಯುತ್ತಿರಲಿಲ್ಲ, ಮೊದಲು ಅವನ ವಿವರಣೆ ಕೇಳುತ್ತಿದ್ದರು. ಹಿಂದೆ ನಿಂತ ಹೆಂಗಸರು ತಲೆ ಚಚ್ಚಿಕೊಳ್ಳುತ್ತಿದ್ದರು.

ಸೆಂಟ್ರಲ್ ಸೆಕ್ರೆಟೇರಿಯಟ್‌ಗೆ ಮೆಟ್ರೋ ಬಂದ ವರ್ಷ ನಮ್ಮ ಅಧ್ಯಕ್ಷರ ಮಗಳ ಮದುವೆ ಆಯಿತು. ಆಫೀಸಿನ ಗಾಡಿಗಳು ಹತ್ತು ದಿನ ಬೀಗರನ್ನು ಹೊತ್ತು ತಿರುಗಿದವು. ಸುದ್ದಿ ಪತ್ರಿಕೆಗೆ ಬಂತು, ಅದರ ಹಿಂದೆಯೇ ಅಳಿಯನಿಗೆ ಕೊಟ್ಟ ಗುತ್ತಿಗೆಗಳ ಕಥೆಯೂ ಹೊರಬಿತ್ತು. ಅಧ್ಯಕ್ಷರದು ನ್ಯಾಯಮೂರ್ತಿಗಳಿಗೆ ಸಮನಾದ ಹುದ್ದೆ. ಅವರನ್ನು ತೆಗೆಯಬೇಕಾದರೆ ವಾಗ್ದಂಡನೆಯೇ ಆಗಬೇಕು, ಸಂಸತ್ತಿನ ಎರಡೂ ಸದನಗಳು ಮತ ಹಾಕಬೇಕು. ಅಷ್ಟರೊಳಗೆ ಆಫೀಸಿಗೆ ಒಬ್ಬ ತಪ್ಪಿತಸ್ಥ ಬೇಕಿತ್ತು. ಡ್ರೈವರ್ ಸತ್ಬೀರ್ ಸಿಕ್ಕಿದ. ಗಾಡಿಯ ಲಾಗ್‌ಬುಕ್‌ನಲ್ಲಿ ಮದುವೆಯ ಓಡಾಟಕ್ಕೆಲ್ಲ 'ಕಚೇರಿ ಕೆಲಸ' ಎಂದು ಬರೆದವನು ಅವನು.

ಸಂಜೆಯೊಳಗೆ ಟಿಪ್ಪಣಿ ಬೇಕೆಂದು ಮೇಲಿನಿಂದ ಮೂರು ಸಲ ಫೋನ್ ಬಂತು. ಅವತ್ತು ಮೂರ್ತಿಗಳು ಊಟಕ್ಕೇ ಬರಲಿಲ್ಲ, ನನಗೆ ಕನ್ನಡದಲ್ಲಿ ಹೇಳಲೂ ಇಲ್ಲ. ಸರ್ಕಾರಿ ದಾಖಲೆಯಲ್ಲಿ ಸುಳ್ಳು ನಮೂದು, ವಜಾ ಎಂದು ಬರೆದುಬಿಟ್ಟರು. ವಜಾ ಆದವನಿಗೆ ಪಿಂಚಣಿಯಿಲ್ಲ, ಮತ್ತೆಂದೂ ಸರ್ಕಾರಿ ಕೆಲಸವಿಲ್ಲ. ಸತ್ಬೀರನದು ಇಪ್ಪತ್ತಾರು ವರ್ಷದ ನೌಕರಿ.

ಅಧ್ಯಕ್ಷರ ತನಿಖೆ ತಿಂಗಳುಗಟ್ಟಲೆ ನಡೆಯಿತು. ಆರೋಪ ಸಾಬೀತೆಂದು ಸಮಿತಿ ಹೇಳಿತು. ಸದನದಲ್ಲಿ ಚರ್ಚೆಯಾಗುವ ಹಿಂದಿನ ದಿನ ಅವರು ರಾಜೀನಾಮೆ ಕೊಟ್ಟರು. ಹುದ್ದೆಯಲ್ಲಿಲ್ಲದವರನ್ನು ತೆಗೆಯುವುದು ಹೇಗೆ? ನಿರ್ಣಯ ಬಿದ್ದುಹೋಯಿತು. ಪಿಂಚಣಿ ಪೂರ್ತಿ ಉಳಿಯಿತು, ಬಂಗಲೆಯೂ ಕೆಲವು ತಿಂಗಳು ಉಳಿಯಿತು. ನಾಚಿಕೆಗೆಟ್ಟ ನಾವು ಅವರಿಗೆ ಶಾಲು ಹೊದಿಸಿ ಬೀಳ್ಕೊಡುಗೆಯನ್ನೂ ಮಾಡಿದೆವು. ಅಲ್ಲಿ ಓದುವ ಮಾನಪತ್ರವನ್ನು ಚೆನ್ನಾಗಿ ಇಂಗ್ಲಿಷ್ ಬರುತ್ತದೆಂದು ಮೂರ್ತಿಗಳಿಂದಲೇ ಬರೆಸಿದರು.

ಅದನ್ನು ಕೊಟ್ಟು ಬಂದವರು ನನ್ನೆದುರು ಕುಳಿತು ಡಬ್ಬಿ ಪಕ್ಕಕ್ಕೆ ಸರಿಸಿದರು. "ಸಾಹೇಬ್ರು ಮಗಳ ಮದುವೆಗೆ ಗಾಡಿ ಓಡಿಸು ಅಂದ್ರು, ಓಡಿಸಿದ. ಕಚೇರಿ ಕೆಲಸ ಅಂತ ಬರಿ ಅಂದ್ರು, ಬರೆದ. ಅದಕ್ಕೆ ಅವನ ಅನ್ನ ಕಿತ್ಕೊಂಡ್ವಿ." ಮತ್ತೆ, "ಕಿತ್ಕೊಂಡೆ," ಎಂದು ತಿದ್ದಿಕೊಂಡರು. ನಾನು ಬಗ್ಗಿಸಿದ ತಲೆ ಎತ್ತದೆ ಮೊಸರನ್ನ ತಿನ್ನುತ್ತಿದ್ದೆ. ಏಕೆಂದರೆ ಅಧ್ಯಕ್ಷರ ಪಿ.ಎ. ಫೋನ್ ಮಾಡಿ ಹಾಗೆ ಬರೆಸು ಎಂದದ್ದು ನನಗೆ. ಸತ್ಬೀರನಿಗೆ ಹೇಳಿದವನು ನಾನು. ವಿಚಾರಣೆಯಲ್ಲಿ ಅವನು ಸಾಹೇಬರ ಹುಕುಂ ಎಂದಷ್ಟೇ ಹೇಳಿ ನನ್ನ ಹೆಸರು ಎತ್ತಿರಲಿಲ್ಲ.

ಮರುತಿಂಗಳು ಮೂರ್ತಿಗಳು ನಿವೃತ್ತರಾದರು. ಜನ ವಾಕಿಂಗ್ ಶುರುಮಾಡುವ ವಯಸ್ಸಿನಲ್ಲಿ ಅವರು ತಮ್ಮದೇ ಟಿಪ್ಪಣಿಯ ವಿರುದ್ಧ ಸತ್ಬೀರನ ಪರವಾಗಿ ಮೇಲ್ಮನವಿ ಬರೆಯಲು ಕುಳಿತರು. ತಮ್ಮ ಒಂದೊಂದು ವಾಕ್ಯವನ್ನೂ ತಾವೇ ಹರಿದುಹಾಕಿದರು. ಆದರೆ ಅವಧಿ ಮೀರಿದ ಮನವಿ, ಹೊಸ ಸಾಕ್ಷ್ಯವಿಲ್ಲದೆ ತೆಗೆದುಕೊಳ್ಳುವಂತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮುನಿರ್ಕಾದ ನನ್ನ ಕೋಣೆಗೆ ಬಂದರು. ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು.

"ಸತ್ಬೀರ್ ಈಗ ಬಾಯಿ ಬಿಟ್ಟ. ನಿನಗೂ ಹೆಂಡ್ತಿ ಮಕ್ಕಳಿದ್ದಾರೆ ಅಂತ ಸುಮ್ಮನಿದ್ನಂತೆ. ಫೋನ್ ಬಂದಿದ್ದು ನಿನಗೇನಾ?"

"ಹೌದು ಸಾರ್."

"ಎರಡು ಸಾಲು ಬರೆದುಕೊಡು, ಸಾಕು."

"ಜುಲೈನಲ್ಲಿ ನನ್ನ ಬಡ್ತಿ ಇದೆ ಸಾರ್. ಅದು ಆದ ಮೇಲೆ ಖಂಡಿತ ಕೊಡ್ತೀನಿ."

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ವರ್ಷ ಹೀಗೆ ಬೇಯುತ್ತಿರಲಿಲ್ಲ. "ಮನವಿ ನಾಡಿದ್ದು ಮೇಜಿಗೆ ಬರುತ್ತೆ," ಎಂದರು. ಹೆಂಡತಿ ತಂದಿಟ್ಟ ಕಾಫಿ ಮುಗಿಸಿ, ಅವಳಿಗೆ ಬರ್ತೀನಮ್ಮಾ ಎಂದು ಹೇಳಿ ಇಳಿದುಹೋದರು. ಸಾಕ್ಷ್ಯವಿಲ್ಲವೆಂದು ಮನವಿ ತಿರಸ್ಕೃತವಾಯಿತು. ಜುಲೈನಲ್ಲಿ ನನಗೆ ಬಡ್ತಿ ಬಂತು.

ಎರಡು ವರ್ಷದ ನಂತರ ಮೂರ್ತಿಗಳು ತೀರಿಕೊಂಡ ಸುದ್ದಿ ಕೇಳಿ ಅವರ ಮನೆಗೆ ಹೋದೆ. ಗೇಟಿನಲ್ಲಿ ಶವದ ವ್ಯಾನ್ ನಿಂತಿತ್ತು. ಬಾಡಿಗೆ ವ್ಯಾನ್ ಓಡಿಸಿ ಬದುಕುತ್ತಿದ್ದ ಸತ್ಬೀರ್ ಅದರ ಹಿಂಬದಿಯಲ್ಲಿ ಚಟ್ಟದ ಬಿದಿರು ಜೋಡಿಸುತ್ತಿದ್ದ. ನನ್ನನ್ನು ಕಂಡು ಕೈ ಒರೆಸಿಕೊಂಡು ಬಂದು ಮುಂದಿನ ಬಾಗಿಲು ತೆರೆದ. "ಬೈಠಿಯೇ ಬಾಬೂಜಿ," ಎಂದ. ನೀವು ಹೊರಡಿ, ನಾನು ಆಟೋದಲ್ಲಿ ಸ್ಮಶಾನದ ಘಾಟ್‌ಗೆ ಬರುತ್ತೇನೆ ಎಂದೆ.

ಹೋಗಲಿಲ್ಲ.